ತಿಂಗಳಿಗೆ ಹನ್ನೊಂದೂವರೆ ಪೌಂಡ್

ಭಾಗ 1

ಮೊದಲ ಫೋಟೋದಲ್ಲಿರೋದು ನನ್ನ ಎಜುಕೇಶನ್ ಲೋನ್ ಅರ್ಜಿ. ಎಲ್ಲಾ ತುಂಬಿದೀನಿ, ‘ಬೇಕಾಗಿರುವ ಮೊತ್ತ’ ಅನ್ನೋ ಜಾಗ ಮಾತ್ರ ಖಾಲಿ. ಬಿಕಾಂ ಮುಗಿದ ಮೇಲೆ ಎಂಬಿಎ ಮಾಡೋಕೆ ಎರಡು ವರ್ಷಕ್ಕೆ ಫೀಸು 2.2 ಲಕ್ಷ, ಹಾಸ್ಟೆಲ್ಲು-ಮೆಸ್ಸು ಸೇರಿ ಇನ್ನೊಂದು 1.1 ಲಕ್ಷ. ಬ್ಯಾಂಕಿನವರು “4 ಲಕ್ಷದ ತನಕ ಶ್ಯೂರಿಟಿ ಬೇಡ ಯಜಮಾನ್ರೇ, ಪೂರ್ತಿ ತಗೊಂಡ್ಬಿಡಿ, ಲ್ಯಾಪ್‌ಟಾಪ್ ಅದೂ ಇದೂ ಇರುತ್ತಲ್ಲ” ಅಂದ್ರು. ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯೋರು. ಅವರಿಗೆ ಬಡ್ಡಿ ಅನ್ನೋ ಪದ ಕೇಳಿದ್ರೇ ನಿದ್ದೆ ಬರಲ್ಲ. “ಫೀಸಿಗೆ ಎಷ್ಟೋ ಅಷ್ಟು ಮಾತ್ರ ತಗೋ ಪುಟ್ಟಿ, ಊಟಕ್ಕೆ ಹೆಂಗೋ ಮಾಡೋಣ” ಅಂತಾರೆ.

ಈ ‘ಹೆಂಗೋ’ಗೂ ಒಂದು ಇತಿಹಾಸ ಇದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಅದಕ್ಕೆ ವಾರಾನ್ನ ಅಂತಿದ್ರು. ಓದೋಕೆ ಪೇಟೆಗೆ ಬಂದ ಹುಡುಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ಏಳು ಮನೆ ಗೊತ್ತು ಮಾಡ್ಕೊಂಡು ಉಣ್ಣೋದು. ಒಂದು ಮನೆ ತಪ್ಪಿದ್ರೆ ಆ ದಿನ ಉಪವಾಸ. ಆ ಏಳು ಬಾಗಿಲು ಎಲ್ಲಾ ಜಾತಿಯ ಹುಡುಗರಿಗೂ ತೆರೀತಿರಲಿಲ್ಲ ಅನ್ನೋದನ್ನ ಮಾತ್ರ ಹಿರಿಯರು ಕಥೆ ಹೇಳುವಾಗ ಬಿಟ್ಟುಬಿಡ್ತಾರೆ. ಬಡ್ಡಿ ಇಲ್ಲದ ಊಟ ನಿಜ, ಆದ್ರೆ ಹಂಗು ಇತ್ತು.

ಭಾಗ 2

ಸರ್ಕಾರದ ದುಡ್ಡಲ್ಲಿ ಓದಿದೋರು ಅಂದ್ರೆ ನಮಗೆ ಮೊದಲು ನೆನಪಾಗೋದು ವಿಶ್ವೇಶ್ವರಯ್ಯನವರು. ಬೆಂಗಳೂರಲ್ಲಿ ಮನೆಪಾಠ ಹೇಳಿ ಬಿಎ ಮುಗಿಸಿದ್ರು, ಆಮೇಲೆ ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದ್ರು. ಓದು ಮುಗಿದ ಮೇಲೆ 1884ರಲ್ಲಿ ಸೇರಿದ್ದು ಬಾಂಬೆ ಸರ್ಕಾರದ ಕೆಲಸಕ್ಕೆ. ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದಿದ್ದು 1909ರಲ್ಲಿ. ಅಂದ್ರೆ ಮೈಸೂರು ಹಾಕಿದ ದುಡ್ಡು ಮೈಸೂರಿಗೆ ವಾಪಸ್ ಬರೋಕೆ 25 ವರ್ಷ ಬೇಕಾಯ್ತು.

1892ರಲ್ಲಿ ಜೆ.ಎನ್. ಟಾಟಾ ಬೇರೆ ದಾರಿ ಹಿಡಿದ್ರು. ವಿದೇಶಕ್ಕೆ ಓದೋಕೆ ಹೋಗೋರಿಗೆ ದಾನ ಕೊಡೋ ಬದಲು ಸಾಲ ಕೊಟ್ರು. ನೀನು ತೀರಿಸಿದ್ದು ಮುಂದಿನ ವಿದ್ಯಾರ್ಥಿಗೆ ಹೋಗುತ್ತೆ. ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ 1945ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋಗಿದ್ದು ಟಾಟಾ ನೆರವಿನಿಂದಲೇ. ಅವರಿಗಿಂತ ಸುಮಾರು 30 ವರ್ಷ ಮೊದಲು ಅದೇ ಕಾಲೇಜಿನಲ್ಲಿ ಇನ್ನೊಬ್ಬರು ಓದ್ತಿದ್ರು. ಈ ಅರ್ಜಿ ಮುಂದೆ ಕೂತಾಗೆಲ್ಲ ನನಗೆ ನೆನಪಾಗೋದು ಅವರೇ.

ಭಾಗ 3

ಎರಡನೇ ಫೋಟೋದಲ್ಲಿರೋದು ನನ್ನ ರಫ್ ನೋಟು. ಅದರಲ್ಲಿ ಅಂಬೇಡ್ಕರ್ ಅವರ ಲೆಕ್ಕ ಇದೆ.

1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡ್ ಅವರಿಗೆ ಅಮೆರಿಕದಲ್ಲಿ ಓದೋಕೆ ವಿದ್ಯಾರ್ಥಿವೇತನ ಕೊಟ್ರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. 36 ತಿಂಗಳಿಗೆ 414 ಪೌಂಡ್. ಆಗ ಒಂದು ಪೌಂಡ್‌ಗೆ 15 ರೂಪಾಯಿ, ಅಂದ್ರೆ 6,210 ರೂಪಾಯಿ. ಬಡ್ಡಿ ಸೊನ್ನೆ. ನಾನಾಗಿದ್ರೂ ಕಣ್ಣು ಮುಚ್ಚಿ ಸಹಿ ಹಾಕ್ತಿದ್ದೆ. ಅವರೂ ಜೂನ್ 4ರಂದು ಒಪ್ಪಂದಕ್ಕೆ ಸಹಿ ಹಾಕಿದ್ರು. ಓದು ಮುಗಿಸಿ ಬಂದು 10 ವರ್ಷ ಬರೋಡಾ ಸಂಸ್ಥಾನದ ಕೆಲಸ ಮಾಡ್ಬೇಕು ಅಂತ ಅದರಲ್ಲಿತ್ತು. ಬಡ್ಡಿ ದುಡ್ಡಲ್ಲಿ ಇರಲಿಲ್ಲ, ವರ್ಷಗಳಲ್ಲಿ ಇತ್ತು.

ಆ ಹನ್ನೊಂದೂವರೆ ಪೌಂಡಲ್ಲೇ ನ್ಯೂಯಾರ್ಕಿನ ಖರ್ಚು, ಮನೆಗೆ ಕಳಿಸೋದು, ಹಳೇ ಪುಸ್ತಕದ ಅಂಗಡಿ ಸುತ್ತೋದು, ಎಲ್ಲಾ ಆಗ್ಬೇಕಿತ್ತು. ಕೊಲಂಬಿಯಾದ ಓದು ಆಗಿ 1916ರಲ್ಲಿ ಲಂಡನ್‌ಗೆ ಹೋದ್ರು. ಡಿಗ್ರಿ ಇನ್ನೂ ಅರ್ಧದಲ್ಲಿದ್ದಾಗಲೇ ವಿದ್ಯಾರ್ಥಿವೇತನದ ಅವಧಿ ಮುಗೀತು. ನಾಲ್ಕು ವರ್ಷದೊಳಗೆ ಬಂದು ಮುಂದುವರಿಸಬಹುದು ಅಂತ ಕಾಲೇಜಿಂದ ಅನುಮತಿ ತಗೊಂಡು, ಒಪ್ಪಂದದ ಪ್ರಕಾರ 1917ರಲ್ಲಿ ಬರೋಡಾಕ್ಕೆ ಬಂದ್ರು.

ಬಂದ ಮೇಲೆ ಏನಾಯ್ತು ಅನ್ನೋದನ್ನ ‘ವೇಯ್ಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಬರೆದಿದ್ದಾರೆ. ಊರಲ್ಲಿ ಯಾರೂ ರೂಮು ಕೊಡಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಹೇಳ್ಕೊಂಡು ಇದ್ರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪೊಂದು ಬಂದು ಹೊರಗೆ ಹಾಕಿತು. ಬಾಂಬೆ ರೈಲು ಹೊರಡೋ ತನಕ ಪಾರ್ಕಿನಲ್ಲಿ ಕೂತಿದ್ರು. ಕೊಲಂಬಿಯಾದಲ್ಲಿ ಅಷ್ಟು ಓದಿ ಬಂದ ಮನುಷ್ಯ, ಪಾರ್ಕಿನಲ್ಲಿ.

ಹತ್ತು ವರ್ಷದ ಒಪ್ಪಂದ ಅಲ್ಲಿಗೆ ಮುಗೀತು. ಆಮೇಲೆ ಸಂಸ್ಥಾನದವರು ಕೊಟ್ಟ ದುಡ್ಡನ್ನ ವಾಪಸ್ ಕೇಳಿದ್ರು. ಇದನ್ನ ಓದಿದಾಗ ನನಗೆ ಸಿಟ್ಟು ಬಂದಿದ್ದು ಮಹಾರಾಜರ ಮೇಲಲ್ಲ, ಅವರು ಕೊಟ್ಟಿದ್ದು ದೊಡ್ಡ ಮನಸ್ಸಿಂದಲೇ. ಸಿಟ್ಟು ಬಂದಿದ್ದು ಆ ಕಾಗದದ ಮೇಲೆ. ಕೆಲಸ ಮಾಡ್ಬೇಕು ಅಂತ ಬರೆದಿತ್ತು, ಕೆಲಸ ಮಾಡೋ ಊರಲ್ಲಿ ಇರೋಕೆ ಜಾಗ ಸಿಗುತ್ತೆ ಅಂತ ಎಲ್ಲೂ ಬರೆದಿರಲಿಲ್ಲ.

ಭಾಗ 4

ಈಗ ಕಾಮರ್ಸ್‌ನವರು ಸ್ವಲ್ಪ ಎದೆ ಉಬ್ಬಿಸ್ಕೊಳ್ಳಿ. 1918ರಲ್ಲಿ ಅಂಬೇಡ್ಕರ್ ಅವರಿಗೆ ಕೆಲಸ ಕೊಟ್ಟಿದ್ದು ಬಾಂಬೆಯ ಒಂದು ಕಾಮರ್ಸ್ ಕಾಲೇಜು, ಸಿಡನ್‌ಹ್ಯಾಮ್. ಸಂಬಳ ತಿಂಗಳಿಗೆ 450 ರೂಪಾಯಿ. ಅದರಲ್ಲಿ ಉಳಿಸಿದ್ದು, ಕೊಲ್ಹಾಪುರದ ಶಾಹು ಮಹಾರಾಜರು ಕೊಟ್ಟಿದ್ದು, ಜೊತೆಗೆ ಗೆಳೆಯ ನವಲ್ ಭಥೇನಾ ಹತ್ರ 5,000 ರೂಪಾಯಿ ಸಾಲ. ಇಷ್ಟು ಇಟ್ಕೊಂಡು 1920ರಲ್ಲಿ ಮತ್ತೆ ಲಂಡನ್‌ಗೆ ಹೋದ್ರು.

ಈ ಸಲ ಯಾರಿಗೂ ವರ್ಷಗಳನ್ನ ಬರೆದುಕೊಟ್ಟಿರಲಿಲ್ಲ. ಆದ್ರೆ ದುಡ್ಡು ಸಾಕಾಗಲಿಲ್ಲ. ಅರೆಹೊಟ್ಟೆಯಲ್ಲಿ ದಿನವಿಡೀ ಲೈಬ್ರರಿಯಲ್ಲಿ ಕೂತು ಓದಿದ್ರು. ಅದರ ಮೇಲೆ ಅವರು ಅಲ್ಲಿದ್ದಾಗಲೇ ಪೌಂಡಿನೆದುರು ರೂಪಾಯಿ ಕುಸೀತು. ಊರಿಂದ ಬರೋ ಪ್ರತಿ ರೂಪಾಯಿಗೆ ಸಿಗೋ ಷಿಲಿಂಗು ಕಡಿಮೆ ಆಯ್ತು. ಅವರು ಬರೀತಿದ್ದ ಪ್ರಬಂಧದ ವಿಷಯ ಅದೇ, ‘ದಿ ಪ್ರಾಬ್ಲಮ್ ಆಫ್ ದಿ ರುಪೀ’, 1923ರಲ್ಲಿ ಪುಸ್ತಕವಾಗಿ ಬಂತು. ಎಕ್ಸ್‌ಚೇಂಜ್ ರೇಟು ನಮಗೆ ಐದು ಮಾರ್ಕಿನ ಪ್ರಶ್ನೆ, ಅವರಿಗೆ ರಾತ್ರಿ ಊಟ.

ಅಪ್ಪನ ‘ಊಟಕ್ಕೆ ಹೆಂಗೋ ಮಾಡೋಣ’ ಅನ್ನೋ ಮಾತು ನನಗೆ ಒಪ್ಪಿಗೆ ಆಗದೇ ಇರೋದು ಇದಕ್ಕೇ. ಅವರು ತಡ್ಕೊಂಡ್ರು ಅಂತ ಎಲ್ಲರೂ ತಡ್ಕೋಬೇಕು ಅಂತೇನಿಲ್ಲ. ಅವರಿಗೇ ಹಾಗನ್ನಿಸಿರಲಿಲ್ಲ ಅಂತ ಕಾಣುತ್ತೆ. 1942ರಲ್ಲಿ ವೈಸ್‌ರಾಯ್ ಕೌನ್ಸಿಲ್ ಸೇರಿದ ಮೇಲೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ದುಡ್ಡು ಕೊಡಿ ಅಂತ ಸರ್ಕಾರದ ಮುಂದೆ ಬೇಡಿಕೆ ಇಟ್ರು. 1944ರಲ್ಲಿ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಶುರುವಾಯ್ತು. ಅದು ಸಾಲ ಅಲ್ಲ, ವಾಪಸ್ ಕೊಡ್ಬೇಕಾಗಿಲ್ಲ. ಇವತ್ತು ಎಸ್‌ಎಸ್‌ಪಿ ಪೋರ್ಟಲ್ಲಲ್ಲಿ ‘ಪೋಸ್ಟ್ ಮೆಟ್ರಿಕ್’ ಅಂತ ಒತ್ತೋರು ಒಂದು ಸಲ ಇದನ್ನ ನೆನೆಸ್ಕೊಳ್ಳಿ.

ಭಾಗ 5

ಆಮೇಲಿನದು ಬೇಗ ಹೇಳ್ತೀನಿ. 1963ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ತಂತು. ಬಡ್ಡಿ ಇಲ್ಲ, ಓದಿ ಮೇಷ್ಟ್ರಾದ್ರೆ ವರ್ಷಕ್ಕೆ ಹತ್ತರಲ್ಲೊಂದು ಭಾಗ ಮನ್ನಾ. ಬರೋಡಾದ ಹತ್ತು ವರ್ಷ ಇಲ್ಲಿ ಉಲ್ಟಾ ಆಗಿದೆ ನೋಡಿ, ಇಲ್ಲಿ ಹತ್ತು ವರ್ಷ ಪಾಠ ಹೇಳಿದ್ರೆ ಸಾಲವೇ ಇಲ್ಲ. 2001ರಲ್ಲಿ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಬಂತು. ಶ್ಯೂರಿಟಿ ಇಲ್ಲದೆ 4 ಲಕ್ಷ ಅನ್ನೋ ಗೆರೆ ಎಳೆದಿದ್ದು ಅದರಲ್ಲೇ. ಆ ಗೆರೆ ಬ್ಯಾಂಕಿನ ಅನುಕೂಲಕ್ಕೆ ಎಳೆದಿದ್ದು, ನನ್ನ ಖರ್ಚು ನೋಡಿ ಎಳೆದಿದ್ದಲ್ಲ.

ಮೂರನೇ ಫೋಟೋದಲ್ಲಿ ನನ್ನ ಲೆಕ್ಕ. ಬಡ್ಡಿ 10%, ದುಡ್ಡು ಒಂದೇ ಸಲ ಬಂತು ಅಂತ ಇಟ್ಕೊಂಡಿದೀನಿ. ಓದೋ ಎರಡು ವರ್ಷ, ಆಮೇಲೊಂದು ವರ್ಷ ಕಂತು ಇಲ್ಲ, ಆದ್ರೆ ಸರಳ ಬಡ್ಡಿ ಓಡ್ತಾನೇ ಇರುತ್ತೆ. ಆಮೇಲೆ 84 ಕಂತು. 4 ಲಕ್ಷ ತಗೊಂಡ್ರೆ ಕಂತು ಶುರುವಾಗೋ ಹೊತ್ತಿಗೆ ಸಾಲ 5.2 ಲಕ್ಷ, ತಿಂಗಳಿಗೆ ಸುಮಾರು 8,630. 3.3 ಲಕ್ಷಕ್ಕೆ 7,120. ಅಪ್ಪ ಹೇಳಿದ 2.2 ಲಕ್ಷಕ್ಕೆ 4,750. ಲ್ಯಾಪ್‌ಟಾಪು ‘ಅದೂ ಇದೂ’ ಅಂತ ಆ ಹೆಚ್ಚಿನ 70 ಸಾವಿರ ತಗೊಂಡ್ರೆ ನಾನು ತೀರಿಸೋದು 1.27 ಲಕ್ಷದ ಹತ್ರ. ಈಗಿರೋ ಲ್ಯಾಪ್‌ಟಾಪಿಗೆ ಕೀಲು ಮುರಿದಿದೆ, ಟೇಪ್ ಹಾಕಿದೀನಿ, ನಡೆಯುತ್ತೆ.

ನಿನ್ನೆ ರಾತ್ರಿ ಅಪ್ಪನಿಗೆ ಇದೆಲ್ಲಾ ತೋರಿಸ್ದೆ. ಮಂಡಿ ಲೆಕ್ಕ ನೋಡೋ ಹಾಗೆ ಬೆರಳಿಟ್ಟು ಒಂದೊಂದೇ ಸಾಲು ನೋಡಿದ್ರು. ಮೆಸ್ಸಿನ 1.1 ಲಕ್ಷದ ಮೇಲೆ ಬೆರಳು ನಿಲ್ತು. “ಊಟಕ್ಕೂ ಸಾಲವಾ?” ಅಂದ್ರು. ಬರೋಡಾ ಕಥೆ, ಲಂಡನ್ ಕಥೆ ಎರಡನ್ನೂ ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ “ಕಂಡೀಶನ್ ಎಲ್ಲಾ ಓದಿದೀಯಾ? ಹಿಂದಿನ ಪುಟದ ಸಣ್ಣ ಅಕ್ಷರದ್ದು?” ಅಂತ ಕೇಳಿದ್ರು. ಓದಿರಲಿಲ್ಲ.

ಇಬ್ರೂ ಕೂತು ಓದಿದ್ವಿ, ರಾತ್ರಿ ಹನ್ನೊಂದೂವರೆ ಆಯ್ತು. ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ 3,30,000 ಅಂತ ಬರೆದಿದೀನಿ. ಸೋಮವಾರ ಬ್ಯಾಂಕಿಗೆ ಹೋಗೋ ಮುಂಚೆ ಪೆನ್ನಲ್ಲಿ ತಿದ್ತೀನಿ.