ಐದು ಅಂಕದ ಹಿಂದೆ ಇಡೀ ವರ್ಷ

2006ರ ಅಕ್ಟೋಬರ್ 15, ಪೋರ್ಚುಗಲ್ಲಿನ ಎಸ್ಟೊರಿಲ್ ಟ್ರ್ಯಾಕು. ಕೊನೆಯ ತಿರುವು ದಾಟಿ ಎರಡು ಬೈಕುಗಳು ಒಂದಕ್ಕೊಂದು ಅಂಟಿಕೊಂಡಂತೆ ನೇರ ದಾರಿಗೆ ನುಗ್ಗಿದವು. ಒಂದರ ಮೇಲೆ ವ್ಯಾಲೆಂಟಿನೊ ರೊಸ್ಸಿ. ಇನ್ನೊಂದರ ಮೇಲೆ ಸ್ಪೇನಿನ ಟೋನಿ ಎಲಿಯಾಸ್, ಅಲ್ಲಿಯವರೆಗೆ ಮೋಟೊಜಿಪಿ ವರ್ಗದಲ್ಲಿ ಒಂದೂ ರೇಸು ಗೆದ್ದಿರದ ಸವಾರ. ಗೆರೆ ದಾಟಿದಾಗ ಇಬ್ಬರ ನಡುವೆ ಇದ್ದದ್ದು 0.002 ಸೆಕೆಂಡು. ಗೆದ್ದವರು ಎಲಿಯಾಸ್.

ಅದೇ ರೇಸಿನ ಆರಂಭದಲ್ಲಿ ಪಾಯಿಂಟ್ಸ್ ಪಟ್ಟಿಯ ಮೊದಲಿಗ ನಿಕಿ ಹೇಡನ್ ಅವರಿಗೆ ಅವರದೇ ತಂಡದ ಡ್ಯಾನಿ ಪೆಡ್ರೊಸಾ ಡಿಕ್ಕಿ ಹೊಡೆದು ಇಬ್ಬರೂ ಮರಳಿಗೆ ಉರುಳಿದ್ದರು. ಹೆಲ್ಮೆಟ್ಟಿನೊಳಗೆ ಹೇಡನ್ ಕೂಗಿಕೊಂಡದ್ದು ಕೇಳಿಸಲಿಲ್ಲ, ಆದರೆ ಆ ಕೈಯಾಟ ನೋಡಿದವರು ಮರೆಯುವುದಿಲ್ಲ. ಎರಡು ವಾರ ಕಳೆದು ವಲೆನ್ಸಿಯಾದ ಕೊನೆಯ ರೇಸಿನಲ್ಲಿ ರೊಸ್ಸಿ ಬಿದ್ದರು, ಎದ್ದು ಓಡಿಸಿ 13ನೆಯವರಾದರು. ಹೇಡನ್ ಮೂರನೆಯವರಾಗಿ ಬಂದು ವಿಶ್ವ ಚಾಂಪಿಯನ್ ಆದರು. ಅಂತಿಮ ಲೆಕ್ಕ 252–247. ಗೆದ್ದವರಿಗೆ 25, ಎರಡನೆಯವರಿಗೆ 20 ಅಂಕ. ಎಸ್ಟೊರಿಲ್‌ನಲ್ಲಿ ರೊಸ್ಸಿ ಆ 0.002 ಸೆಕೆಂಡು ಮೊದಲು ಬಂದಿದ್ದರೆ ಇಬ್ಬರದೂ 252. ಅಂಕ ಸಮವಾದರೆ ಹೆಚ್ಚು ರೇಸು ಗೆದ್ದವರಿಗೆ ಪಟ್ಟ, ಅಂದರೆ ರೊಸ್ಸಿಗೆ.

ಒಂದು ಭಾನುವಾರದ ರೇಸನ್ನು ಯಾರು ಬೇಕಾದರೂ ನೋಡಿ ಖುಷಿಪಡಬಹುದು. ಆ 0.002 ಸೆಕೆಂಡಿನ ತೂಕ ಗೊತ್ತಾಗಬೇಕಾದರೆ ಸೀಸನ್ನಿಡೀ ಬೆನ್ನು ಹತ್ತಿರಬೇಕು. ಹಾಗೆ ಬೆನ್ನು ಹತ್ತುವ ಬಗೆಯೂ ಎಪ್ಪತ್ತೈದು ವರ್ಷಗಳಲ್ಲಿ ಬಹಳ ಬದಲಾಗಿದೆ. ಬೈಕು ಬದಲಾದಂತೆ ಅಭಿಮಾನಿಯ ಕಣ್ಣೂ ಬದಲಾಗಿದೆ.

ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದು 1949ರ ಜೂನ್‌ನಲ್ಲಿ, ಬ್ರಿಟನ್ನಿನ ಪಕ್ಕದ ಪುಟ್ಟ ದ್ವೀಪ ಐಲ್ ಆಫ್ ಮ್ಯಾನ್‌ನಲ್ಲಿ. 500 ಸಿಸಿ ವರ್ಗಕ್ಕೆ ವರ್ಷಕ್ಕೆ ಆರೇ ರೇಸು. ಎಲ್ಲ ರೇಸಿನ ಅಂಕವೂ ಲೆಕ್ಕಕ್ಕೆ ಬರುತ್ತಿರಲಿಲ್ಲ, ಸವಾರರ ಉತ್ತಮ ಫಲಿತಾಂಶಗಳನ್ನಷ್ಟೇ ಕೂಡುತ್ತಿದ್ದರು. ಆ ಲೆಕ್ಕದಲ್ಲೇ ಬ್ರಿಟನ್ನಿನ ಲೆಸ್ಲಿ ಗ್ರಹಾಂ ಒಂದು ಅಂಕದಿಂದ ಇಟಲಿಯ ನೆಲ್ಲೊ ಪಗಾನಿಯವರನ್ನು ಹಿಂದೆ ಹಾಕಿ ಮೊದಲ ಚಾಂಪಿಯನ್ ಆದರು. ಎಲ್ಲ ಅಂಕ ಕೂಡಿದ್ದರೆ ಪಗಾನಿಯವರೇ ಮುಂದಿದ್ದರು. ಮೊದಲ ವರ್ಷದಿಂದಲೇ ಈ ಆಟಕ್ಕೆ ಪೆನ್ಸಿಲ್ಲು ಕಾಗದ ಬೇಕಾಗಿತ್ತು.

ಐಲ್ ಆಫ್ ಮ್ಯಾನ್‌ನ ಒಂದು ಸುತ್ತೆಂದರೆ ಸುಮಾರು 60 ಕಿಲೋಮೀಟರು. ಮಾಮೂಲಿ ಊರ ರಸ್ತೆ, ಎರಡೂ ಬದಿಗೆ ಮನೆಗಳ ಕಲ್ಲುಗೋಡೆ, ನಡುವೆ ಬೆಟ್ಟ, ಬೆಟ್ಟದ ಮೇಲೆ ಮಂಜು. ಅಲ್ಲಿ ತಪ್ಪಿದವರಿಗೆ ಎರಡನೆಯ ಅವಕಾಶ ಸಿಗುವುದು ಅಪರೂಪ. 1972ರಲ್ಲಿ ಗಿಲ್ಬರ್ಟೊ ಪಾರ್ಲೊಟ್ಟಿ ಅಲ್ಲಿ ಸತ್ತಾಗ ಅವರ ಗೆಳೆಯ ಜಿಯಾಕೊಮೊ ಅಗೊಸ್ಟಿನಿ, ಅಂದಿನ ಅತಿ ದೊಡ್ಡ ಹೆಸರು, ಇನ್ನು ಇಲ್ಲಿಗೆ ಬರುವುದಿಲ್ಲ ಎಂದು ನಿಂತುಬಿಟ್ಟರು. ಇತರರೂ ಜೊತೆಗೂಡಿದರು. 1976ರ ನಂತರ ಆ ರೇಸು ವಿಶ್ವ ಚಾಂಪಿಯನ್‌ಷಿಪ್ಪಿನಿಂದ ಹೊರಬಿತ್ತು, ಬ್ರಿಟನ್ನಿನ ಸುತ್ತು ಸಿಲ್ವರ್‌ಸ್ಟೋನ್‌ಗೆ ಹೋಯಿತು. 15 ವಿಶ್ವ ಪಟ್ಟ, 122 ಗೆಲುವು ಎಂದು ಅಗೊಸ್ಟಿನಿಯವರ ಸಾಧನೆ ಹೇಳುವಾಗ ನಾನು ಈ ನಿರಾಕರಣೆಯನ್ನೂ ಸೇರಿಸಿಯೇ ಹೇಳುತ್ತೇನೆ. ಇಂದು ಸವಾರರು ಬಿದ್ದು, ಮರಳಲ್ಲಿ ಉರುಳಿ, ಎದ್ದು ನಡೆದು ಬರುವುದರ ಹಿಂದೆ ಅದೂ ಇದೆ.

ಈ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ವರ್ಷ 1961. ಆ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತ್ತು. ಪೂರ್ವ ಜರ್ಮನಿಯ ಎಂಜಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಟೂ ಸ್ಟ್ರೋಕ್ ಎಂಜಿನ್ನಿನ ಹಳೆಯ ಕಾಯಿಲೆಯೊಂದಕ್ಕೆ ಮದ್ದು ಕಂಡುಕೊಂಡಿದ್ದರು. ಟೂ ಸ್ಟ್ರೋಕ್‌ನಲ್ಲಿ ಹೊಗೆಯ ಜೊತೆಗೆ ಉರಿಯದ ಪೆಟ್ರೋಲೂ ಸ್ವಲ್ಪ ಸೈಲೆನ್ಸರಿಗೆ ಹರಿದುಹೋಗುತ್ತದೆ. ಕಾಡೆನ್ ಆ ಕೊಳವೆಯನ್ನು ಮೊದಲು ಅಗಲವಾಗಿ, ಆಮೇಲೆ ಕಿರಿದಾಗಿ ರೂಪಿಸಿದರು. ಕಿರಿದಾದ ತುದಿಗೆ ಬಡಿದ ಒತ್ತಡದ ಅಲೆ ವಾಪಸು ಬಂದು, ಜಾರಿಹೋಗುತ್ತಿದ್ದ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೇ ತಳ್ಳುತ್ತದೆ. ಅಲೆ ಸರಿಯಾದ ಹೊತ್ತಿಗೆ ಬಂದರೆ ಎಂಜಿನ್ ಒಮ್ಮೆಲೇ ಜೀವ ಬಂದಂತೆ ಎಗರುತ್ತದೆ. ಯಮಹಾ ಆರ್‌ಎಕ್ಸ್ 100 ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಹೊಟ್ಟೆ ಉಬ್ಬಿದ ಸೈಲೆನ್ಸರು, ಆ ಪಿಕಪ್ಪು, ಎರಡೂ ಅದೇ ವಿದ್ಯೆಯ ಫಲ.

ಎಂಜಡ್‌ನ ಸವಾರ ಅರ್ನ್‌ಸ್ಟ್ ಡೆಗ್ನರ್ ಆ ವರ್ಷ 125 ಸಿಸಿ ವರ್ಗದಲ್ಲಿ ಮುಂದಿದ್ದರು. ಸ್ವೀಡನ್ನಿನ ರೇಸಿನಲ್ಲಿ ಅವರ ಎಂಜಿನ್ ಕೆಟ್ಟು ನಿಂತಿತು. ಅವರು ತಮ್ಮ ದೇಶಕ್ಕೆ ಹಿಂತಿರುಗಲಿಲ್ಲ. ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಲಾಯಿತು. ಪಟ್ಟ ಹೋಂಡಾದ ಟಾಮ್ ಫಿಲಿಸ್ ಪಾಲಾಯಿತು. ಡೆಗ್ನರ್ ತಲೆಯಲ್ಲಿ ಹೊತ್ತುಕೊಂಡು ಹೋದ ವಿದ್ಯೆ ಸುಜುಕಿಗೆ ತಲುಪಿತು, ಮರುವರ್ಷವೇ ಅವರು ಸುಜುಕಿಯ ಮೇಲೆ 50 ಸಿಸಿ ಚಾಂಪಿಯನ್. ಜಪಾನಿನ ಸುಜುಕಾ ಟ್ರ್ಯಾಕಿನ ಒಂದು ತಿರುವಿಗೆ ಇಂದಿಗೂ ಡೆಗ್ನರ್ ಹೆಸರಿದೆ.

ಅದೇ 1961ರಲ್ಲಿ ಚೆಕೊಸ್ಲೊವಾಕಿಯಾದ ಫ್ರಾಂಟಾ ಶ್ತಾಸ್ಟ್ನಿ ಜಾವಾ ಬೈಕಿನಲ್ಲಿ 350 ಸಿಸಿ ವರ್ಗದ ಎರಡನೆಯ ಸ್ಥಾನ ಪಡೆದರು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬೈಕು ಕಟ್ಟತೊಡಗಿದ್ದೂ ಆ ಕಾಲದಲ್ಲೇ. ಶ್ತಾಸ್ಟ್ನಿಯವರದು ಫೋರ್ ಸ್ಟ್ರೋಕ್ ರೇಸ್ ಬೈಕು, ನಮ್ಮ ಊರುಗಳಲ್ಲಿ ಹಾಲಿನ ಕ್ಯಾನು ಹೊತ್ತು ಓಡಿದ್ದು ಟೂ ಸ್ಟ್ರೋಕು. ಆದರೂ ಟ್ಯಾಂಕಿನ ಮೇಲಿದ್ದ ಹೆಸರು ಒಂದೇ. ನಮ್ಮ ಮನೆಯ ಜಗಲಿಯ ಪಕ್ಕ ವರ್ಷಗಟ್ಟಲೆ ನಿಂತಿದ್ದ ಬೈಕಿನ ಮನೆತನ ವಿಶ್ವ ಚಾಂಪಿಯನ್‌ಷಿಪ್ಪಿನವರೆಗೆ ಹೋಗಿತ್ತು ಎಂದು ತಿಳಿದ ದಿನ ನನಗಾದ ಸಂತೋಷ ದೊಡ್ಡದು.

1975ರಲ್ಲಿ ಅಗೊಸ್ಟಿನಿ ಯಮಹಾದ ಮೇಲೆ 500 ಸಿಸಿ ಪಟ್ಟ ಗೆದ್ದರು, ದೊಡ್ಡ ವರ್ಗದಲ್ಲಿ ಟೂ ಸ್ಟ್ರೋಕಿಗೆ ಅದೇ ಮೊದಲ ಪಟ್ಟ. ಅಲ್ಲಿಂದ 2001ರವರೆಗೆ ಬೇರೆ ಬಗೆಯ ಎಂಜಿನ್ ಪಟ್ಟ ಗೆಲ್ಲಲೇ ಇಲ್ಲ. ಅಮೆರಿಕದ ಮಣ್ಣಿನ ಟ್ರ್ಯಾಕಿನಿಂದ ಬಂದ ಕೆನ್ನಿ ರಾಬರ್ಟ್ಸ್ 1978ರಿಂದ ಮೂರು ವರ್ಷ ಸತತ ಗೆದ್ದು, ಹಿಂದಿನ ಚಕ್ರ ಜಾರಿಸುತ್ತ ಮೊಣಕಾಲು ನೆಲಕ್ಕೆ ತಾಗಿಸುವ ಸವಾರಿಯನ್ನು ಜಗತ್ತಿಗೆ ತೋರಿಸಿದರು. ಆಮೇಲಿನ ಚಾಂಪಿಯನ್ನರಾದ ಸ್ಪೆನ್ಸರ್, ಲಾಸನ್, ರೇನಿ, ಶ್ವಾಂಟ್ಸ್ ಅವರ ಕಾಲವನ್ನು ಬಂಗಾರದ ಕಾಲವೆಂದು ಹಳಬರು ಹೇಳುತ್ತಾರೆ. ನಾನು ಪೂರ್ತಿ ಒಪ್ಪಲಾರೆ. ಆ ಬೈಕುಗಳು ತಮ್ಮ ಸವಾರರನ್ನೇ ಎತ್ತಿ ಎಸೆಯುತ್ತಿದ್ದವು. ಮೂರು ಬಾರಿಯ ಚಾಂಪಿಯನ್ ವೇಯ್ನ್ ರೇನಿ 1993ರ ಸೆಪ್ಟೆಂಬರ್ 5ರಂದು ಮಿಸಾನೊದಲ್ಲಿ, ಪಟ್ಟಿಯಲ್ಲೂ ರೇಸಿನಲ್ಲೂ ಮುಂದಿದ್ದಾಗ ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಮತ್ತೆ ನಡೆಯಲಿಲ್ಲ. ಪಟ್ಟ ಅವರ ಹಳೆಯ ಎದುರಾಳಿ ಕೆವಿನ್ ಶ್ವಾಂಟ್ಸ್ ಅವರಿಗೆ ಹೋಯಿತು.

1992ರಿಂದ ಸ್ಪೇನಿನ ಡೋರ್ನಾ ಸಂಸ್ಥೆ ಪ್ರಸಾರದ ಹಕ್ಕು ಹಿಡಿದ ಮೇಲೆ ಈ ರೇಸು ಟಿವಿಯ ಆಟವಾಯಿತು. 2002ರಲ್ಲಿ 990 ಸಿಸಿ ಫೋರ್ ಸ್ಟ್ರೋಕ್ ಬೈಕುಗಳು ಬಂದವು, ಹೆಸರೂ ಮೋಟೊಜಿಪಿ ಎಂದಾಯಿತು. ನಮ್ಮಲ್ಲಿ ಬಹಳ ಮಂದಿ ಒಳಗೆ ಬಂದದ್ದು ಈ ಬಾಗಿಲಿನಿಂದ. ಕೇಬಲ್ ಟಿವಿ, ರೊಸ್ಸಿಯ ಹಳದಿ ಬಣ್ಣ, ಅವರ ಬೈಕಿನ 46 ಎಂಬ ಅಂಕಿ. ಕರ್ನಾಟಕದ ಸಣ್ಣ ಊರುಗಳಲ್ಲೂ ಬೈಕಿನ ಟ್ಯಾಂಕಿನ ಮೇಲೆ 46ರ ಸ್ಟಿಕ್ಕರು ಕಾಣುತ್ತಿತ್ತು, ಈಗಲೂ ಕಾಣುತ್ತದೆ.

ಇಲ್ಲಿ ಕೂತು ಸೀಸನ್ ನೋಡುವವರ ಗಡಿಯಾರ ವಿಚಿತ್ರವಾಗಿ ತಿರುಗುತ್ತದೆ. ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್ ರೇಸು ನಮಗೆ ಬೆಳಗಿನ ತಿಂಡಿಯ ಹೊತ್ತಿಗೆ. ಯುರೋಪಿನ ಬೇಸಿಗೆಯ ರೇಸುಗಳು ಸಂಜೆ ಐದೂವರೆಗೆ. ಕತಾರ್ ಊಟವಾದ ಮೇಲೆ, ಅಮೆರಿಕದ ಆಸ್ಟಿನ್ ಅರ್ಧರಾತ್ರಿ ಕಳೆದ ಮೇಲೆ. ನನ್ನ ಬಳಿ ಉದ್ದ ಗೆರೆಯ ಲೆಕ್ಕದ ಪುಸ್ತಕಗಳಿವೆ, ಸೀಸನ್ನಿಗೊಂದರಂತೆ. ಅಡ್ಡ ಸಾಲಿನಲ್ಲಿ ಸವಾರರು, ಕಂಬಸಾಲಿನಲ್ಲಿ ಟ್ರ್ಯಾಕುಗಳು. ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ, ನಿಜ. ಆದರೆ ಕೈಯಾರೆ ಬರೆದಾಗ ಯಾರು ಎಲ್ಲಿ ಸೊರಗಿದರು, ಎಲ್ಲಿ ಚೇತರಿಸಿಕೊಂಡರು ಎಂಬುದು ಕಣ್ಣಿಗೆ ನಾಟುತ್ತದೆ.

ಹಿಂದಿನ ಅಭಿಮಾನಿ ಯಾರು ಮುಂದೆ ಹೋದರು ಎಂದು ನೋಡುತ್ತಿದ್ದರು. ಇಂದು ಯಾಕೆ ಹಿಂದೆ ಬಿದ್ದರು ಎಂದೂ ನೋಡಬೇಕು. 2025ರ ಮೊದಲ ರೇಸು ಥಾಯ್ಲೆಂಡಿನ ಬುರಿರಾಮ್‌ನಲ್ಲಿ. ಮಾರ್ಕ್ ಮಾರ್ಕೆಸ್ ಆರಾಮವಾಗಿ ಮುಂದಿದ್ದರು. ಇದ್ದಕ್ಕಿದ್ದಂತೆ ವೇಗ ತಗ್ಗಿಸಿ ತಮ್ಮ ಅಲೆಕ್ಸ್‌ಗೆ ದಾರಿ ಬಿಟ್ಟರು. ಬೈಕು ಕೆಟ್ಟಿತೆಂದು ನಮ್ಮ ಎದೆ ಧಸಕ್ಕೆಂದಿತು. ಕಾರಣ ಬೇರೆ ಇತ್ತು. ಮುಂದಿನ ಟೈರಿನ ಗಾಳಿಯ ಒತ್ತಡ ರೇಸಿನ ಶೇ 60ರಷ್ಟು ಲ್ಯಾಪುಗಳಲ್ಲಿ ನಿಗದಿತ ಮಟ್ಟಕ್ಕಿಂತ ಕೆಳಗಿರಬಾರದೆಂಬ ನಿಯಮವಿದೆ. ಎದುರಿಗೆ ಯಾರೂ ಇಲ್ಲದೆ ತಂಪು ಗಾಳಿಯಲ್ಲಿ ಓಡುವಾಗ ಟೈರು ತಣಿದು ಒತ್ತಡ ಇಳಿಯುತ್ತದೆ. ಇನ್ನೊಂದು ಬೈಕಿನ ಬೆನ್ನ ಹಿಂದೆ, ಅದರ ಬಿಸಿಗಾಳಿಯಲ್ಲಿ ಓಡಿದರೆ ಏರುತ್ತದೆ. ಮಾರ್ಕ್ ಹತ್ತಾರು ಲ್ಯಾಪು ತಮ್ಮನ ಹಿಂದೆಯೇ ಕೂತು, ಕೊನೆಯ ಕೆಲವೇ ಲ್ಯಾಪು ಉಳಿದಾಗ ದಾಟಿ ಗೆದ್ದರು. ಮರುತಿಂಗಳು ಕತಾರ್‌ನಲ್ಲಿ ಎರಡನೆಯವರಾಗಿ ಬಂದ ಮಾವೆರಿಕ್ ವಿನ್ಯಾಲೆಸ್ ಇದೇ ನಿಯಮಕ್ಕೆ ಸಿಕ್ಕಿ 14ನೆಯ ಸ್ಥಾನಕ್ಕೆ ಇಳಿದರು. ಸವಾರರು ಬಹುಮಾನದ ವೇದಿಕೆ ಇಳಿದ ಮೇಲೆ ಫಲಿತಾಂಶ ಬದಲಾಗುವುದು ನನಗೆ ಹಿಡಿಸುವುದಿಲ್ಲ. ಸುರಕ್ಷತೆಗೆ ಬೇಕಾದ ನಿಯಮವಾದರೆ ಅದರ ಅಳತೆ ನೋಡುಗರ ಕಣ್ಣ ಮುಂದೆಯೂ ಇರಬೇಕು.

ಸೀಸನ್ನಿನ ಆಕಾರವನ್ನೇ ಬದಲಿಸಿದ್ದು 2023ರಲ್ಲಿ ಬಂದ ಸ್ಪ್ರಿಂಟ್. ಶನಿವಾರ ಅರ್ಧ ದೂರದ ರೇಸು, ಗೆದ್ದವರಿಗೆ 12 ಅಂಕ. 2025ರಲ್ಲಿ 22 ಸುತ್ತು, ಅಂದರೆ 44 ಸಲ ಕೆಂಪು ದೀಪ ಆರುವುದಕ್ಕೆ ಕಾಯಬೇಕು. ಇದರ ಪರಿಣಾಮ 2024ರಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು. ಫ್ರಾನ್ಸೆಸ್ಕೊ ಬಾನ್ಯಾಯಾ ಭಾನುವಾರದ 11 ರೇಸು ಗೆದ್ದರು, ಜಾರ್ಜ್ ಮಾರ್ಟಿನ್ ಗೆದ್ದದ್ದು ಮೂರು. ಪಟ್ಟ ಮಾರ್ಟಿನ್‌ಗೆ, 508–498. ಬಾನ್ಯಾಯಾ ಮತ್ತೆ ಮತ್ತೆ ಬಿದ್ದು ಸೊನ್ನೆ ತಂದರು, ಮಾರ್ಟಿನ್ ಪ್ರತಿ ವಾರ ಏನಾದರೂ ಕೂಡಿಹಾಕಿದರು. ಅನ್ಯಾಯ ಎಂದವರು ಬಹಳ ಮಂದಿ. ನನಗೆ ಹಾಗನ್ನಿಸಲಿಲ್ಲ. ವರ್ಷವಿಡೀ ನಿಂತವರಿಗೆ ಸಿಕ್ಕ ಪಟ್ಟ ಅದು. ಆದರೆ ಸ್ಪ್ರಿಂಟ್ ಸವಾರರ ಮೈಮೇಲೆ ಹೊರಿಸಿದ ಭಾರ ನನ್ನನ್ನು ಕಳವಳಗೊಳಿಸುತ್ತದೆ. ಎಲ್ಲರೂ ಗುಂಪಾಗಿ ಮೊದಲ ತಿರುವಿಗೆ ನುಗ್ಗುವ ಆ ಅಪಾಯದ ಗಳಿಗೆ ಈಗ ವಾರಕ್ಕೆ ಎರಡು ಸಲ.

ಆ ಇಬ್ಬರ ಕಥೆಯಲ್ಲಿ ನಮ್ಮದೂ ಒಂದು ಎಳೆ ಇದೆ. 2016ರಲ್ಲಿ ಬಾನ್ಯಾಯಾ ಮತ್ತು ಮಾರ್ಟಿನ್ ಮೋಟೊ3 ಎಂಬ ಸಣ್ಣ ಬೈಕುಗಳ ವರ್ಗದಲ್ಲಿ ಒಂದೇ ಗ್ಯಾರೇಜಿನಲ್ಲಿ ಮಹೀಂದ್ರಾ ಬೈಕು ಓಡಿಸುತ್ತಿದ್ದ ಹುಡುಗರು. ಆ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ಆಸೆನ್‌ನಲ್ಲಿ ಬಾನ್ಯಾಯಾ ಗೆದ್ದಾಗ ಭಾರತದ ಕಂಪನಿಯೊಂದು ಮೊದಲ ಬಾರಿ ಗ್ರ್ಯಾಂಡ್ ಪ್ರಿ ಗೆದ್ದಂತಾಯಿತು. ಮರುವರ್ಷದ ಕೊನೆಗೆ ಮಹೀಂದ್ರಾ ಹೊರನಡೆಯಿತು. ಇನ್ನು ಕೆಲವು ವರ್ಷ ತಾಳಿದ್ದರೆ ಎಂಬ ಕೊರಗು ನನಗೆ ಹೋಗಿಲ್ಲ.

2023ರ ಸೆಪ್ಟೆಂಬರಿನಲ್ಲಿ ರೇಸೇ ಇಲ್ಲಿಗೆ ಬಂತು, ಗ್ರೇಟರ್ ನೋಯ್ಡಾದ ಬುದ್ಧ ಟ್ರ್ಯಾಕಿಗೆ. ಬೆಂಗಳೂರಿನಿಂದ ಹೋದ ನಾವು ಕೆಲವರು ಗ್ಯಾಲರಿಯಲ್ಲಿದ್ದೆವು. ಟಿವಿಯಲ್ಲಿ ಕೇಳುವ ಸದ್ದು ಅದರ ನೆರಳೂ ಅಲ್ಲ. ಮೊದಲು ಎದೆಗೂಡು ನಡುಗುತ್ತದೆ, ಕಿವಿಗೆ ಕೇಳಿಸುವುದು ಆಮೇಲೆ. ಸೆಕೆಗೆ ರೇಸನ್ನು 24 ಲ್ಯಾಪಿನಿಂದ 21ಕ್ಕೆ ಇಳಿಸಿದ್ದರು. ಮಾರ್ಕೊ ಬೆಜ್ಜೆಕಿ ಗೆದ್ದರು, ಎರಡನೆಯವರಾದ ಮಾರ್ಟಿನ್ ಬೈಕಿನಿಂದ ಇಳಿದವರೇ ಬಸವಳಿದು ಕುಸಿದರು. ಚೆನ್ನೈನ ಕೆ.ವೈ. ಅಹಮದ್ ವೈಲ್ಡ್ ಕಾರ್ಡ್ ಪಡೆದು ಮೋಟೊ3ರಲ್ಲಿ ಸಾಲಿಗೆ ನಿಂತಾಗ ಎದ್ದ ಕೂಗು ಗೆದ್ದವರಿಗೂ ಸಿಕ್ಕಿರಲಿಲ್ಲ. ಮರುವರ್ಷ ರೇಸು ನಡೆಯಲಿಲ್ಲ. ಟ್ರ್ಯಾಕಿನಾಚೆ, ಮರುಭೂಮಿಯ ರ್‍ಯಾಲಿಗಳಲ್ಲಿ ನಮ್ಮವರು ಹೆಸರು ಮಾಡಿದ್ದಾರೆ: ಡಾಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್, 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ಪಟ್ಟ ಗೆದ್ದ ಐಶ್ವರ್ಯಾ ಪಿಸ್ಸೆ, ಇಬ್ಬರೂ ಬೆಂಗಳೂರಿನವರು. ಟ್ರ್ಯಾಕಿನ ದೊಡ್ಡ ವರ್ಗಕ್ಕೆ ಮಾತ್ರ ನಮ್ಮವರು ಇನ್ನೂ ತಲುಪಿಲ್ಲ.

ನನ್ನ 2011ರ ಪುಸ್ತಕದಲ್ಲಿ ಮಲೇಷ್ಯಾದ ಸೆಪಾಂಗ್ ಕಂಬಸಾಲು ಪೂರ್ತಿ ಖಾಲಿ. ಅಕ್ಟೋಬರ್ 23ರಂದು ಎರಡನೆಯ ಲ್ಯಾಪಿನಲ್ಲಿ ಮಾರ್ಕೊ ಸಿಮೊಂಚೆಲ್ಲಿ ಸತ್ತರು, 24 ವರ್ಷ. ರೇಸು ರದ್ದಾಯಿತು, ಯಾರಿಗೂ ಅಂಕವಿಲ್ಲ. 2018ರಿಂದ ಎಲ್ಲ ವರ್ಗದ ಸವಾರರೂ ಗಾಳಿಚೀಲವಿರುವ ಸೂಟು ತೊಡುವುದು ಕಡ್ಡಾಯ. ಮುಂದಿನ ದೊಡ್ಡ ಬದಲಾವಣೆ 2027ಕ್ಕೆ: ಎಂಜಿನ್ 1000 ಸಿಸಿಯಿಂದ 850ಕ್ಕೆ ಇಳಿಯುತ್ತದೆ, ಬೈಕಿನ ಎತ್ತರ ತಗ್ಗಿಸುವ ಸಾಧನಗಳು ನಿಷೇಧವಾಗುತ್ತವೆ, ಟೈರು ಪಿರೆಲ್ಲಿಯದು. ಗಂಟೆಗೆ 366 ಕಿಲೋಮೀಟರ್ ವೇಗ ಮುಟ್ಟಿದ ಬೈಕುಗಳಿಗೆ ಈ ಕಡಿವಾಣ ಬೇಕಿತ್ತು, ಇನ್ನೂ ಬೇಗ ಬರಬೇಕಿತ್ತು.

2020ರ ಜುಲೈ 19ರಂದು ಹೆರೆಜ್‌ನಲ್ಲಿ ಬಿದ್ದು ಮಾರ್ಕ್ ಮಾರ್ಕೆಸ್ ಬಲತೋಳಿನ ಮೂಳೆ ಮುರಿದುಕೊಂಡಿದ್ದರು. ನಾಲ್ಕು ಶಸ್ತ್ರಚಿಕಿತ್ಸೆ, ಹೋಂಡಾ ಬಿಟ್ಟು ಹಳೆಯ ಮಾದರಿಯ ಡುಕಾಟಿಯ ಮೇಲೆ ಒಂದು ವರ್ಷ, ಆಮೇಲೆ ಕಾರ್ಖಾನೆಯ ತಂಡ. 2025ರ ಸೆಪ್ಟೆಂಬರ್ 28ರಂದು ಜಪಾನಿನ ಮೊಟೆಗಿಯಲ್ಲಿ, ಸೀಸನ್ನಿನ ಐದು ಸುತ್ತು ಬಾಕಿ ಇರುವಾಗಲೇ, ಆರು ವರ್ಷಗಳ ನಂತರ ಮತ್ತೆ ಚಾಂಪಿಯನ್ ಆದರು. ಗೆರೆ ದಾಟಿ ಅವರು ಅತ್ತಾಗ ಇಲ್ಲಿ ನಾನೂ ಕಣ್ಣೊರೆಸಿಕೊಂಡೆ. ಮರುವಾರ ಇಂಡೊನೇಷ್ಯಾದಲ್ಲಿ ಮೊದಲ ಲ್ಯಾಪಿನಲ್ಲೇ ಹಿಂದಿನಿಂದ ಡಿಕ್ಕಿಯಾಗಿ ಬಿದ್ದು, ಅದೇ ಬಲಬದಿಯ ಭುಜಕ್ಕೆ ಪೆಟ್ಟು. ಆ ವರ್ಷ ಮತ್ತೆ ಬೈಕು ಹತ್ತಲಿಲ್ಲ. ನನ್ನ ಪುಸ್ತಕದಲ್ಲಿ ಚಾಂಪಿಯನ್ನರ ಸಾಲಿನ ಕೊನೆಯ ನಾಲ್ಕು ಚೌಕ ಖಾಲಿಯಾಗಿಯೇ ಇವೆ.