ಬೂಟಿನಂಗಡಿಯಿಂದ ಹಾರಿದ ರಾಕೆಟ್

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕದ ದೊಡ್ಡವರಿಗೆ ದಿಗಿಲಾಯಿತು, ಹುಡುಗರಿಗೆ ಹುರುಪು ಬಂತು. ಹಿತ್ತಲಲ್ಲಿ ನಿಂತು ರಾತ್ರಿಯ ಆಕಾಶವನ್ನೇ ನೋಡುತ್ತಿದ್ದ ಹದಿಮೂರು ಹದಿನಾಲ್ಕರ ಹುಡುಗರು ನೆಲಮಾಳಿಗೆಯಲ್ಲಿ ಕೂತು ತಾವೇ ರಾಕೆಟ್ ಮಾಡತೊಡಗಿದರು. ಕೈಗೆ ಸಿಕ್ಕಿದ್ದು ಲೋಹದ ಪೈಪು, ಅಂಗಡಿಯಲ್ಲಿ ದೊರೆಯುತ್ತಿದ್ದ ರಾಸಾಯನಿಕಗಳು, ಅರ್ಧಂಬರ್ಧ ಓದಿದ ಪತ್ರಿಕೆ ಲೇಖನಗಳು. ಕೆಲವು ರಾಕೆಟ್‌ಗಳು ಹಾರಿದವು, ಹಲವು ಸಿಡಿದವು. ಬೆರಳು ಕಳೆದುಕೊಂಡವರಿದ್ದರು, ಕಣ್ಣು ಕಳೆದುಕೊಂಡವರಿದ್ದರು, ಪ್ರಾಣ ಹೋದದ್ದೂ ಉಂಟು. ಈ ಹುಡುಗರಿಗೆ 'ನೆಲಮಾಳಿಗೆಯ ಬಾಂಬಿಗರು' ಎಂಬ ಅಡ್ಡಹೆಸರೇ ಬಿತ್ತು.

ಆ ಹವ್ಯಾಸ ಅಲ್ಲಿಗೇ ನಿಷೇಧವಾಗಿ ಮುಗಿದುಹೋಗಬಹುದಿತ್ತು. ಹಾಗಾಗದಂತೆ ತಡೆದದ್ದು ನೆಬ್ರಾಸ್ಕಾದ ಸಣ್ಣ ಊರೊಂದರ ಬೂಟು ವ್ಯಾಪಾರಿ. ಮಗು ರಾಕೆಟ್ಟಿನ ಎಲ್ಲ ಭಾಗಗಳನ್ನೂ ತಾನೇ ಮಾಡಲಿ, ಒಂದನ್ನು ಬಿಟ್ಟು ಎಂಬುದು ಅವನ ಕೆಲಸದಿಂದ ಹೊರಟ ಸೂತ್ರ. ಆ ಒಂದು ಭಾಗ ಮೋಟರ್.

ಮೋಟರಿನಲ್ಲೇ ಅಪಾಯ ಏಕೆ ಎಂಬುದನ್ನು ದೀಪಾವಳಿಯ ರಾಕೆಟ್ ನೋಡಿದವರಿಗೆ ವಿವರಿಸುವುದು ಕಷ್ಟವಲ್ಲ. ಒಂದು ಕೊಳವೆ, ಒಳಗೆ ಒತ್ತಿ ತುಂಬಿದ ಮದ್ದು, ಕೆಳಗೊಂದು ಕಿರಿದಾದ ಬಾಯಿ. ಮದ್ದು ಉರಿದಾಗ ಹುಟ್ಟುವ ಅನಿಲ ಆ ಬಾಯಿಯಿಂದ ರಭಸವಾಗಿ ನುಗ್ಗುತ್ತದೆ, ಕೊಳವೆ ಮೇಲಕ್ಕೆ ಚಿಮ್ಮುತ್ತದೆ. ಮದ್ದು ಒಂದೇ ಸಮನೆ ಉರಿಯುವವರೆಗೆ ಎಲ್ಲ ಸರಿ. ಆದರೆ ಅದರಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೆಂಕಿ ಅದರೊಳಗೆ ಹೊಕ್ಕು ಉರಿಯುವ ಮೇಲ್ಮೈ ಹಿಗ್ಗುತ್ತದೆ. ಮೇಲ್ಮೈ ಹಿಗ್ಗಿದರೆ ಒತ್ತಡ ಏರುತ್ತದೆ, ಒತ್ತಡ ಏರಿದರೆ ಮದ್ದು ಇನ್ನೂ ಬೇಗ ಉರಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ರಾಕೆಟ್ ಬಾಂಬಾಗಿರುತ್ತದೆ. ಕೊಳವೆ ಲೋಹದ್ದಾಗಿದ್ದರೆ ಒಡೆದ ಒಂದೊಂದು ಚೂರೂ ಗುಂಡಿನಂತೆ ಹಾರುತ್ತದೆ.

ಕೊಳವೆ ಯಾವುದರಿಂದ ಆಗಿರಬೇಕು ಎಂಬ ಈ ಪ್ರಶ್ನೆಗೆ ಕನ್ನಡನಾಡಿನಲ್ಲೇ ಒಂದು ಹಳೆಯ ಉತ್ತರವಿದೆ. 18ನೇ ಶತಮಾನದಲ್ಲಿ ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ಸೇನೆ ರಾಕೆಟ್‌ಗಳಿಗೆ ಕಬ್ಬಿಣದ ಕೊಳವೆ ಬಳಸಿತು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಆದ್ದರಿಂದ ಆ ರಾಕೆಟ್‌ಗಳು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲವಾಗಿದ್ದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಕೆಲವನ್ನು ಇಂಗ್ಲೆಂಡಿಗೆ ಒಯ್ದರು. ಅಲ್ಲಿ ವಿಲಿಯಂ ಕಾಂಗ್ರೀವ್ ತನ್ನದೇ ರಾಕೆಟ್‌ಗಳನ್ನು ರೂಪಿಸಿದ. 1814ರಲ್ಲಿ ಬ್ರಿಟಿಷರು ಅಮೆರಿಕದ ಬಾಲ್ಟಿಮೋರ್ ಬಂದರಿನ ಕೋಟೆಯ ಮೇಲೆ ಹಾರಿಸಿದ್ದು ಆ ಕಾಂಗ್ರೀವ್ ರಾಕೆಟ್‌ಗಳನ್ನು, ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ ಬೆಳಕೂ ಅವುಗಳದ್ದೇ. ಯುದ್ಧಕ್ಕೆ ಕಬ್ಬಿಣ ಸರಿಯಾದ ಉತ್ತರವಾಗಿತ್ತು. ಹದಿಮೂರು ವರ್ಷದ ಹುಡುಗನ ಕೈಯಲ್ಲಿ ಅದೇ ಉತ್ತರ ಅವನಿಗೇ ತಿರುಗಿ ಬೀಳುತ್ತಿತ್ತು.

1950ರ ದಶಕದ ಕೊನೆಯಲ್ಲಿ ಅಮೆರಿಕದ ಮುಂದೆ ಎರಡು ದಾರಿಗಳಿದ್ದವು. ಮೊದಲನೆಯದು ಬೇಡವೆನ್ನುವುದು. ವೃತ್ತಿಪರ ಎಂಜಿನಿಯರುಗಳ ಸಂಘವಾದ ಅಮೆರಿಕನ್ ರಾಕೆಟ್ ಸೊಸೈಟಿ ಹುಡುಗರು ತಾವೇ ಮದ್ದು ಬೆರೆಸುವುದನ್ನು ವಿರೋಧಿಸಿತು. ತಮಾಷೆಯೆಂದರೆ 1930ರಲ್ಲಿ ಆ ಸಂಘವನ್ನು ಕಟ್ಟಿದವರು ವೈಜ್ಞಾನಿಕ ಕತೆ ಬರೆಯುತ್ತಿದ್ದವರು. ಅವರೂ ಹವ್ಯಾಸಿಗಳಾಗಿಯೇ ರಾಕೆಟ್ ಸುಟ್ಟು ಕಲಿತವರು.

ಎರಡನೆಯದು ದೊಡ್ಡವರ ಕಣ್ಗಾವಲು. ಹುಡುಗರು ಹೇಗೂ ಮಾಡುತ್ತಾರೆ, ಮಾಡುವುದನ್ನು ಸರಿಯಾಗಿ ಕಲಿಸೋಣ ಎಂಬ ನಿಲುವಿನಿಂದ ಸೇನೆಯ ಕ್ಯಾಪ್ಟನ್ ಬರ್ಟ್ರಾಂಡ್ ಬ್ರಿನ್ಲಿ 1960ರಲ್ಲಿ ಹವ್ಯಾಸಿಗಳಿಗಾಗಿ ಒಂದು ಕೈಪಿಡಿಯನ್ನೇ ಬರೆದರು. ಈ ದಾರಿಯ ಪ್ರಸಿದ್ಧ ಉದಾಹರಣೆ ವೆಸ್ಟ್ ವರ್ಜೀನಿಯಾದ ಕೋಲ್‌ವುಡ್ ಎಂಬ ಗಣಿ ಊರು. ಅಲ್ಲಿನ ಗಣಿ ಮೇಲ್ವಿಚಾರಕರ ಮಗ ಹೋಮರ್ ಹಿಕಮ್ ಮಾಡಿದ ಮೊದಲ ರಾಕೆಟ್ ಅವನ ತಾಯಿಯ ಗುಲಾಬಿ ತೋಟದ ಬೇಲಿಯನ್ನು ಹಾರಿಸಿತು. ಮುಂದೆ ವಿಜ್ಞಾನದ ಟೀಚರ್ ಫ್ರೀಡಾ ರೈಲಿ ಪುಸ್ತಕ ಕೊಟ್ಟರು, ಗಣಿಯ ವರ್ಕ್‌ಶಾಪಿನ ಕುಶಲಕರ್ಮಿಗಳು ಉಕ್ಕನ್ನು ಅಳತೆಗೆ ತಕ್ಕಂತೆ ಕಡೆದುಕೊಟ್ಟರು. 1960ರಲ್ಲಿ ಈ ಹುಡುಗರ ತಂಡ ರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಪದಕ ಗೆದ್ದಿತು. ಹಿಕಮ್ ನಾಸಾದ ಎಂಜಿನಿಯರ್ ಆದರು. ಆದರೆ ಎಲ್ಲ ಊರಿನಲ್ಲೂ ಗಣಿಯ ವರ್ಕ್‌ಶಾಪ್ ಇರಲಿಲ್ಲ, ಎಲ್ಲ ಶಾಲೆಯಲ್ಲೂ ರೈಲಿಯಂಥ ಟೀಚರ್ ಇರಲಿಲ್ಲ.

ಮೂರನೆಯ ದಾರಿ ಸಿದ್ಧವಾಗಿದ್ದದ್ದು ನೆಬ್ರಾಸ್ಕಾದ ನಾರ್‌ಫೋಕ್‌ನಲ್ಲಿ. ಆರ್ವಿಲ್ ಕಾರ್ಲೈಲ್ ಎಂಬಾತನಿಗೆ ಬೂಟಿನ ಅಂಗಡಿ ಹೊಟ್ಟೆಪಾಡು, ಪಟಾಕಿ ಹುಚ್ಚು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ರಾಬರ್ಟ್‌ಗೆ ಮಾದರಿ ವಿಮಾನಗಳ ಗೀಳು. ರಾಕೆಟ್ ಹಾರಾಟದ ಬಗ್ಗೆ ರಾಬರ್ಟ್ ಕೊಡುತ್ತಿದ್ದ ಉಪನ್ಯಾಸಗಳಲ್ಲಿ ತೋರಿಸಲು ಏನಾದರೂ ಬೇಕಿತ್ತು. 1954ರಲ್ಲಿ ಆರ್ವಿಲ್ ಅದಕ್ಕಾಗಿ ಕಾಗದದ ಮೈ, ಹಗುರ ಮರದ ರೆಕ್ಕೆಗಳ ಪುಟ್ಟ ರಾಕೆಟ್ ಮಾಡಿದ. ಅದರ ಮೋಟರ್ ಸುತ್ತಿದ ಕಾಗದದ ಕೊಳವೆ, ಕೆಳಗಿನ ಬಾಯಿ ಜೇಡಿಮಣ್ಣಿನದು. ಸಿಡಿದರೂ ಚಿಂದಿಯಾಗುವುದು ಕಾಗದವೇ ಹೊರತು ಲೋಹದ ಚೂರುಗಳು ಹಾರುವುದಿಲ್ಲ.

ಅವನ ಜಾಣ್ಮೆ ಇದ್ದದ್ದು ಕಾಗದದಲ್ಲಿ ಮಾತ್ರವಲ್ಲ. ಮುಖ್ಯ ಮದ್ದು ಉರಿದು ಮುಗಿದ ಮೇಲೆ ನಿಧಾನವಾಗಿ ಉರಿಯುವ ಒಂದು ಪದರ ಕೆಲವು ಸೆಕೆಂಡು ಕಾಲ ಕಳೆಯುತ್ತದೆ, ಆಗ ರಾಕೆಟ್ ತನ್ನ ವೇಗದಲ್ಲೇ ತುದಿಗೇರುತ್ತದೆ. ಕೊನೆಗೆ ಒಂದು ಚಿಟಿಕೆ ಮದ್ದು ಮೇಲ್ಮುಖವಾಗಿ ಸಿಡಿದು ಮೂಗಿನ ಭಾಗವನ್ನು ತಳ್ಳಿ ಪ್ಯಾರಾಚೂಟನ್ನು ಬಿಚ್ಚುತ್ತದೆ. ರಾಕೆಟ್ ಮೆಲ್ಲಗೆ ಇಳಿಯುತ್ತದೆ. ಉರಿದುಹೋದ ಮೋಟರನ್ನು ಕಿತ್ತು ಹೊಸದನ್ನು ತೂರಿಸಿದರೆ ಅದೇ ರಾಕೆಟ್ ಮತ್ತೆ ಹಾರುತ್ತದೆ. ಪಟಾಕಿಯಂತೆ ಒಮ್ಮೆ ಸುಟ್ಟರೆ ಮುಗಿಯಿತು ಎನ್ನುವಂತಿಲ್ಲ.

ಮೂರು ವರ್ಷ ಇದು ಊರಿನ ಕುತೂಹಲವಾಗಿಯೇ ಉಳಿಯಿತು. 1957ರ ಆರಂಭದಲ್ಲಿ ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯಲ್ಲಿ ಜಿ. ಹ್ಯಾರಿ ಸ್ಟೈನ್ ಬರೆದ ಲೇಖನ ಕಾರ್ಲೈಲ್ ಕಣ್ಣಿಗೆ ಬಿತ್ತು. ಸ್ಟೈನ್ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ನೆಲೆಯಲ್ಲಿ ಸುರಕ್ಷತೆಯ ಕೆಲಸ ನೋಡಿಕೊಂಡವರು, ಹುಡುಗರ ಮನೆ ತಯಾರಿಕೆಯ ಅಪಾಯವನ್ನು ಬಲ್ಲವರು. ಕಾರ್ಲೈಲ್ ತನ್ನ ರಾಕೆಟ್‌ಗಳನ್ನೂ ಮೋಟರ್‌ಗಳನ್ನೂ ಅವರಿಗೆ ಕಳಿಸಿದ. ದೈತ್ಯ ಕ್ಷಿಪಣಿಗಳ ನಡುವೆ ದುಡಿಯುತ್ತಿದ್ದ ಸ್ಟೈನ್ ಅಂಗೈಯಗಲದ ಈ ಆಟಿಕೆಯಲ್ಲಿ ತಾವು ಹುಡುಕುತ್ತಿದ್ದ ಪರಿಹಾರ ಕಂಡರು. ಡೆನ್ವರ್‌ನಲ್ಲಿ ಮಾಡೆಲ್ ಮಿಸೈಲ್ಸ್ ಎಂಬ ಕಂಪನಿ ಹುಟ್ಟಿತು. ಹವ್ಯಾಸಿಗಳಿಗೊಂದು ರಾಷ್ಟ್ರೀಯ ಸಂಘವನ್ನೂ ಸ್ಟೈನ್ ಕಟ್ಟಿದರು.

ಸ್ಪುಟ್ನಿಕ್ ನಂತರ ಬೇಡಿಕೆ ಎಷ್ಟು ಏರಿತೆಂದರೆ ಕೈಯಲ್ಲಿ ಮೋಟರ್ ಮಾಡಿ ಪೂರೈಸುವುದು ಅಸಾಧ್ಯವಾಯಿತು. ಡೆನ್ವರ್‌ನಲ್ಲೇ ಪಟಾಕಿ ತಯಾರಿಸುತ್ತಿದ್ದ ಕುಟುಂಬದ ವರ್ನ್ ಎಸ್ಟೆಸ್ ಆ ಕೆಲಸ ಒಪ್ಪಿಕೊಂಡ. ಕೈಯಲ್ಲಿ ಮದ್ದು ತುಂಬುವ ಅಪಾಯ ಅವನಿಗೆ ಗೊತ್ತಿತ್ತು. ಅವನು ಒಂದು ಯಂತ್ರ ಕಟ್ಟಿ ಅದಕ್ಕೆ 'ಮೇಬಲ್' ಎಂದು ಹೆಸರಿಟ್ಟ. ಅದು ಸುಮಾರು ಐದೂವರೆ ಸೆಕೆಂಡಿಗೊಂದರಂತೆ ಮೋಟರ್ ಮಾಡುತ್ತಿತ್ತು. ಒಂದೇ ಅಳತೆ, ಒಂದೇ ಒತ್ತು ಇದ್ದುದರಿಂದ ಬಿರುಕಿನ ಭಯ ಬಹಳ ಮಟ್ಟಿಗೆ ತಗ್ಗಿತು. ಮಾಡೆಲ್ ಮಿಸೈಲ್ಸ್ ಹೆಚ್ಚು ಕಾಲ ಬಾಳಲಿಲ್ಲ. ಎಸ್ಟೆಸ್ ತಾನೇ ಅಂಚೆ ಮೂಲಕ ಮಾರತೊಡಗಿದ, 1961ರಲ್ಲಿ ಕಾರ್ಖಾನೆಯನ್ನು ಕೊಲೊರಾಡೋದ ಪೆನ್‌ರೋಸ್‌ಗೆ ಒಯ್ದ.

ಈಗಲೂ ಅಂಥ ಮೋಟರಿನ ಮೇಲೆ 'ಎ8-3' ಎಂಬಂಥ ಗುರುತಿರುತ್ತದೆ. ಅಕ್ಷರ ಒಟ್ಟು ಶಕ್ತಿಯ ಮಿತಿ ಹೇಳುತ್ತದೆ: 'ಎ' ಎಂದರೆ 2.5 ನ್ಯೂಟನ್-ಸೆಕೆಂಡ್, 'ಬಿ' ಎಂದರೆ 5, 'ಸಿ' ಎಂದರೆ 10, ಹೀಗೆ ಪ್ರತಿ ಅಕ್ಷರಕ್ಕೂ ಇಮ್ಮಡಿ. 8 ಎಂದರೆ ಸರಾಸರಿ ನೂಕುಬಲ 8 ನ್ಯೂಟನ್. 3 ಎಂದರೆ ಪ್ಯಾರಾಚೂಟ್ ಬಿಚ್ಚುವ ಮೊದಲು 3 ಸೆಕೆಂಡಿನ ಬಿಡುವು. ಬತ್ತಿಗೆ ಬೆಂಕಿ ಹಚ್ಚುವಂತಿಲ್ಲ, ಹಲವು ಅಡಿ ದೂರ ನಿಂತು ವಿದ್ಯುತ್ ಗುಂಡಿ ಒತ್ತಬೇಕು. ಮೋಟರ್ ಕೊಂಡ ಮಗುವಿಗೆ ಕಲಿಯಲು ಉಳಿದದ್ದೇನೂ ಕಡಿಮೆಯಲ್ಲ. ತೂಕ ಎಲ್ಲಿ ಕೂರಬೇಕು, ರೆಕ್ಕೆ ಎಷ್ಟಿರಬೇಕು, ಎಷ್ಟು ಎತ್ತರ ಹೋದೀತು ಎಂಬುದೆಲ್ಲ ಅದರ ಲೆಕ್ಕಕ್ಕೇ ಬಿಟ್ಟದ್ದು.

ಆದರೂ ಕೆಲವರಿಗೆ ಇದು ಸೋಲೆನಿಸಿತು. ಮೋಟರ್ ಮಾಡದವನು ರಾಕೆಟ್ ಮಾಡಿದಂತಾಗಲಿಲ್ಲ ಎಂಬ ಅವರ ಮಾತಿನಲ್ಲಿ ತಿರುಳಿತ್ತು. ಮರುಭೂಮಿಯ ಪರೀಕ್ಷಾ ಸ್ಥಳಗಳಲ್ಲಿ, ಮಣ್ಣಿನ ದಿಬ್ಬದ ಮರೆಯಲ್ಲಿ ನಿಂತು ಅವರು ತಮ್ಮ ದಾರಿ ಮುಂದುವರಿಸಿದರು. ಅವರಿಗೆ ಕಾನೂನೂ ಎದುರಾಯಿತು. ದೊಡ್ಡ ಹವ್ಯಾಸಿ ಮೋಟರ್‌ಗಳ ಇಂಧನ ಸ್ಫೋಟಕವೇ ಅಲ್ಲವೇ ಎಂಬ ಬಗ್ಗೆ ಹವ್ಯಾಸಿ ಸಂಘಗಳು 2000ದಲ್ಲಿ ಕೇಂದ್ರ ಸರ್ಕಾರದ ಇಲಾಖೆಯ ವಿರುದ್ಧ ಹೂಡಿದ ಮೊಕದ್ದಮೆ 2009ರಲ್ಲಿ ಅವರ ಪರವಾಗಿ ಮುಗಿಯಿತು. ಅಷ್ಟರಲ್ಲಿ, 2004ರ ಮೇ 17ರಂದು, ಎರಡು ಬಾರಿ ಸೋತಿದ್ದ ಹವ್ಯಾಸಿ ತಂಡವೊಂದು ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಿಂದ ಹಾರಿಸಿದ ರಾಕೆಟ್ 100 ಕಿಲೋಮೀಟರ್ ದಾಟಿ ಬಾಹ್ಯಾಕಾಶ ಮುಟ್ಟಿತ್ತು. 2019ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಾವೇ ಕಟ್ಟಿದ ರಾಕೆಟ್ಟಿನಿಂದ ಅದೇ ಗೆರೆ ದಾಟಿದರು.

ಕಾರ್ಲೈಲ್‌ನ ಸೂತ್ರವನ್ನು ಈ ಸಾಧನೆಗಳು ಸುಳ್ಳು ಮಾಡಲಿಲ್ಲ. ಮೋಟರ್ ಮಾಡುವುದು ವರ್ಷಗಟ್ಟಲೆ ಕಲಿತು, ಸರಿಯಾದ ಜಾಗದಲ್ಲಿ, ಬಲ್ಲವರ ಜೊತೆ ನಿಂತು ಮಾಡುವ ಕೆಲಸ ಎಂಬುದನ್ನು ಅವು ತೋರಿಸಿದವು. ಭಾರತದಲ್ಲಂತೂ ಪರವಾನಗಿಯಿಲ್ಲದೆ ಸ್ಫೋಟಕ ತಯಾರಿಸುವುದು 1884ರ ಕಾಯ್ದೆಯ ಪ್ರಕಾರ ಅಪರಾಧ. ಬೂಟು ವ್ಯಾಪಾರಿ ಹುಡುಗರ ಕೈಯಿಂದ ಕಿತ್ತುಕೊಂಡದ್ದು ಒಂದು ಹಿಡಿ ಮದ್ದು ಮಾತ್ರ. ಅದರಿಂದಾಗಿ ಎಷ್ಟೋ ಹುಡುಗರ ಹತ್ತು ಬೆರಳೂ ಉಳಿದವು, ಮುಂದೊಂದು ದಿನ ಬೇಕೆನಿಸಿದರೆ ನಿಜವಾದ ಮೋಟರನ್ನೇ ಮಾಡಲು.