ಸರದಿ, ಸಾಲ ಮತ್ತು ಹಳೆಯ ಕಾರು

ಬಳಸಿದ ಕಾರನ್ನು ಮಾರಿ ಅದರ ಜಾಗಕ್ಕೆ ಇನ್ನೊಂದನ್ನು ತರಬೇಕೆಂದು ಹೊರಟ ಕುಟುಂಬ ಏಕಕಾಲಕ್ಕೆ ಎರಡು ಲೆಕ್ಕ ಹಾಕಬೇಕಾಗುತ್ತದೆ: ಹಳೆಯದಕ್ಕೆ ಎಷ್ಟು ಸಿಗುತ್ತದೆ ಎಂಬುದೊಂದು, ಹೊಸದಕ್ಕೆ ಬೇಕಾದ ಉಳಿದ ಹಣವನ್ನು ಎಲ್ಲಿಂದ ಹೊಂದಿಸುವುದು ಎಂಬುದು ಇನ್ನೊಂದು. ಈ ಎರಡೂ ಇಂದು ಬೇರೆಬೇರೆ ಮೇಜುಗಳ ಮುಂದೆ ತೀರ್ಮಾನವಾಗುವುದರಿಂದ ಇವುಗಳ ಚರಿತ್ರೆಯೂ ಬೇರೆಬೇರೆ ಎಂದು ತೋರುವುದು ಸಹಜ. ಆದರೆ ಸ್ವತಂತ್ರ ಭಾರತದಲ್ಲಿ ಕಾರಿನ ವ್ಯಾಪಾರ ನಡೆದುಬಂದ ಬಗೆಯನ್ನು ಕೂಲಂಕಷವಾಗಿ ನೋಡಿದರೆ, ಹಳೆಯ ಕಾರಿನ ಬೆಲೆ ಅದರ ಎಂಜಿನ್ನಿನ ಸ್ಥಿತಿಗಿಂತ ಹೆಚ್ಚಾಗಿ ಹೊಸ ಕಾರು ಕೈಸೇರುವ ದಾರಿಯನ್ನೇ ಅವಲಂಬಿಸಿತ್ತೆಂಬುದು ತಿಳಿಯುತ್ತದೆ. ಆ ದಾರಿ ಮೊದಲ ನಾಲ್ಕು ದಶಕಗಳಲ್ಲಿ ಸರದಿಯದಾಗಿತ್ತು, 1990ರ ದಶಕದಿಂದ ಸಾಲದ್ದಾಯಿತು; ದಾರಿ ಬದಲಾದಂತೆ ಹಳೆಯ ಕಾರಿನ ಅರ್ಥವೇ ಬದಲಾಯಿತು.

ಹಳೆಯ ಕಾರನ್ನು ಕೊಟ್ಟು, ವ್ಯತ್ಯಾಸದ ಹಣಕ್ಕೆ ಕಂತು ಕಟ್ಟಿ ಹೊಸದನ್ನು ಪಡೆಯುವ ಪದ್ಧತಿ ರೂಢಿಗೆ ಬಂದದ್ದು ಅಮೆರಿಕದಲ್ಲಿ. ಜನರಲ್ ಮೋಟಾರ್ಸ್ ಕಂಪನಿಯು 1919ರಲ್ಲಿ ಕಾರು ಕೊಳ್ಳುವವರಿಗೆ ಸಾಲ ಕೊಡುವುದಕ್ಕೆಂದೇ ಒಂದು ಅಂಗಸಂಸ್ಥೆಯನ್ನು ಸ್ಥಾಪಿಸಿತು. ಮುಂದೆ ಜನರಲ್ ಮೋಟಾರ್ಸ್ ಕಂಪನಿಯ ಮುಖ್ಯಸ್ಥನಾಗಿ ಬಂದ ಆಲ್ಫ್ರೆಡ್ ಸ್ಲೋನ್ ವರ್ಷವರ್ಷವೂ ಮಾದರಿಯನ್ನು ಬದಲಿಸುವ ನೀತಿಯನ್ನು ತಂದದ್ದರಿಂದ, ಸುಸ್ಥಿತಿಯಲ್ಲಿರುವ ಕಾರು ಕೂಡ ಹೊರನೋಟಕ್ಕೆ ಹಳತಾಗಿ ಮಾರಾಟಕ್ಕೆ ಬರತೊಡಗಿತು. ಇದಕ್ಕೆ ಪ್ರತಿಯಾಗಿ ಹೆನ್ರಿ ಫೋರ್ಡ್ 1923ರಲ್ಲಿ ಜಾರಿಗೆ ತಂದ ವಾರದ ಉಳಿತಾಯ ಯೋಜನೆಯಲ್ಲಿ ಗ್ರಾಹಕನು ಮೊದಲು ಹಣ ಕೂಡಿಸಿ, ಪೂರ್ತಿ ಬೆಲೆ ಜಮೆಯಾದ ಮೇಲೆ ಕಾರು ಪಡೆಯಬೇಕಾಗಿತ್ತು. ಇಂದೇ ಕಾರು ಕೊಟ್ಟು ನಾಳೆ ಹಣ ಪಡೆಯುವ ವ್ಯವಸ್ಥೆಯ ಮುಂದೆ ಅದು ನಿಲ್ಲಲಿಲ್ಲ; 1928ರ ಹೊತ್ತಿಗೆ ಫೋರ್ಡ್ ಕಂಪನಿಯೂ ಸಾಲದ ಸಂಸ್ಥೆಯೊಂದನ್ನು ತೆರೆಯಬೇಕಾಯಿತು. ಮೊದಲು ಕೂಡಿಸಿ ಆಮೇಲೆ ಪಡೆಯುವ ಈ ಸೋತ ಪದ್ಧತಿಯೇ ಭಾರತದಲ್ಲಿ, ಬೇರೆ ಕಾರಣಗಳಿಂದ, ಬಹುಕಾಲ ಉಳಿಯಿತೆಂಬುದು ಗಮನಿಸಬೇಕಾದ ಸಂಗತಿ.

ಭಾರತಕ್ಕೆ ಕಂತಿನ ವ್ಯವಹಾರ ಬಂದದ್ದು ಇಂಗ್ಲೆಂಡಿನ ಕಾನೂನಿನ ಮೂಲಕ. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ರೈಲ್ವೆ ವ್ಯಾಗನ್ನು, ಹೊಲಿಗೆ ಯಂತ್ರ, ಪಿಯಾನೊ ಮೊದಲಾದವುಗಳ ಮಾರಾಟದಲ್ಲಿ ಬೆಳೆದ ಬಾಡಿಗೆ-ಖರೀದಿ ಎಂಬ ಕರಾರಿನಲ್ಲಿ, ವಸ್ತುವನ್ನು ಒಯ್ದವನು ಕೊನೆಯ ಕಂತು ತೀರುವವರೆಗೆ ಬಾಡಿಗೆದಾರನಷ್ಟೇ; ಒಡೆತನ ಹಣ ಹಾಕಿದವನಲ್ಲೇ ಉಳಿದಿದ್ದು, ಕಂತು ಮುಗಿದ ಮೇಲೆ ಕೊಳ್ಳುವ ಹಕ್ಕು ಮಾತ್ರ ಬಾಡಿಗೆದಾರನಿಗಿರುತ್ತದೆ. 1895ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಹೆಲ್ಬಿ ಮತ್ತು ಮ್ಯಾಥ್ಯೂಸ್ ನಡುವಣ ಮೊಕದ್ದಮೆಯಲ್ಲಿ, 36 ತಿಂಗಳ ಕಂತಿನ ಮೇಲೆ ಪಿಯಾನೊ ಒಯ್ದವನೊಬ್ಬನು ಕಂತು ಮುಗಿಯುವ ಮೊದಲೇ ಅದನ್ನು ಗಿರವಿ ಅಂಗಡಿಯಲ್ಲಿಟ್ಟಿದ್ದ. ಅವನು ಕೊಳ್ಳುಗನಲ್ಲವಾದ್ದರಿಂದ ಗಿರವಿಯವನಿಗೆ ಹಕ್ಕು ಹುಟ್ಟದು, ವಸ್ತು ಮೂಲ ಒಡೆಯನಿಗೇ ಮರಳಬೇಕು ಎಂದು ತೀರ್ಪಾಯಿತು. ತನ್ನದಲ್ಲದ್ದನ್ನು ಯಾರೂ ಮಾರಲಾರರು ಎಂಬ ಈ ತತ್ವವೇ ಬಾಡಿಗೆ-ಖರೀದಿಯ ಕಂತು ಬಾಕಿಯಿರುವ ಕಾರಿನ ಮಾರಾಟಕ್ಕೆ ಎದುರಾಗುವ ಮೊದಲ ತೊಡಕು.

ಇನ್ನು ಕಾರಿನ ಪೂರೈಕೆಯ ವಿಷಯ. ಜನರಲ್ ಮೋಟಾರ್ಸ್ 1928ರಲ್ಲಿ ಬೊಂಬಾಯಿಯಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸುವ ಕಾರ್ಖಾನೆ ತೆರೆದಿತ್ತು, ಫೋರ್ಡ್ ಕೂಡ ಅದೇ ಕಾಲದಲ್ಲಿ ಇಲ್ಲಿ ನೆಲೆಯೂರಿತ್ತು. ಬರಿಯ ಜೋಡಣೆ ಸಾಲದು, ತಯಾರಿಕೆಯೂ ಇಲ್ಲಿಯೇ ನಡೆಯಬೇಕೆಂಬ ನಿಲುವನ್ನು 1953ರಲ್ಲಿ ಸುಂಕ ಆಯೋಗದ ವರದಿಯ ಬೆನ್ನಿಗೆ ಸರ್ಕಾರ ತಳೆದಾಗ ಇವೆರಡೂ ಹೊರನಡೆದವು. ಉಳಿದವು ಮುಖ್ಯವಾಗಿ ಮೂರು: ಉತ್ತರಪಾಡಾದ ಹಿಂದುಸ್ಥಾನ್ ಮೋಟಾರ್ಸ್, ಬೊಂಬಾಯಿಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. ಎಷ್ಟು ಕಾರು ತಯಾರಾಗಬೇಕೆಂಬುದನ್ನು ಪರವಾನಗಿ ನಿರ್ಧರಿಸುತ್ತಿತ್ತು. 1959ರ ಆದೇಶವೊಂದು ಹಂಚಿಕೆಯನ್ನು ಸರ್ಕಾರದ ಹಿಡಿತಕ್ಕೆ ತಂದಿತು. 1969ರಲ್ಲಿ ಬೆಲೆಯೂ ಶಾಸನಬದ್ಧ ನಿಯಂತ್ರಣಕ್ಕೆ ಒಳಪಟ್ಟಿತು. ತಯಾರಿಕೆ ಕಡಿಮೆ, ಬೇಡಿಕೆ ಹೆಚ್ಚು, ಬೆಲೆ ಮಾತ್ರ ಏರುವಂತಿಲ್ಲ ಎಂಬ ಈ ಇಕ್ಕಟ್ಟಿನ ಫಲವಾಗಿ, ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುವುದು ಸಾಮಾನ್ಯವಾಯಿತು.

ನಿಯಂತ್ರಣ ಹೊಸ ಕಾರಿನ ಬೆಲೆಯ ಮೇಲಿತ್ತೇ ಹೊರತು ಹಳೆಯದರ ಬೆಲೆಯ ಮೇಲಿರಲಿಲ್ಲವಾದ್ದರಿಂದ, ಅದುಮಿಟ್ಟ ಬೇಡಿಕೆ ಅಲ್ಲಿಯೇ ಉಕ್ಕಿತು. ಪ್ರೀಮಿಯರ್ ತಯಾರಿಸುತ್ತಿದ್ದ ಫಿಯೆಟ್ ಕಾರು ಸ್ವಲ್ಪ ಓಡಿದ್ದರೂ ಅದಕ್ಕೆ ಹೊಸದರ ಬೆಲೆಗಿಂತ ಹೆಚ್ಚು ಹಣ ಸಿಗುವ ಸ್ಥಿತಿ ಬಂತು. ಇದನ್ನು ಕಾಳಸಂತೆಯೆಂದಷ್ಟೇ ಕರೆದು ಮುಂದೆ ಸಾಗಿದರೆ ಅದರ ಒಳತರ್ಕ ಕಾಣುವುದಿಲ್ಲ. ಕೊಳ್ಳುವವನು ವಾಹನದ ಜೊತೆಗೆ ಅದರ ಹಿಂದಿದ್ದ ಕಾಯುವಿಕೆಯ ವರ್ಷಗಳಿಗೂ ಬೆಲೆ ತೆರುತ್ತಿದ್ದ. ಮೇಲಾಗಿ, ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1957ರ ಸುಮಾರಿಗೆ ಹುಟ್ಟಿದ ಹಿಂದುಸ್ಥಾನ್ ಮೋಟಾರ್ಸಿನ ಅಂಬಾಸಿಡರ್ ದಶಕಗಳ ಕಾಲ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಮುಂದುವರಿಯಿತು, ಫಿಯೆಟ್ 1100 ಕಾರು 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದರೂ ರೂಪ ಹೆಚ್ಚು ಬದಲಾಗಲಿಲ್ಲ. ಸ್ಲೋನ್ ಅಮೆರಿಕದಲ್ಲಿ ಯೋಜಿಸಿ ತಂದ ‘ಹಳತಾಗುವಿಕೆ’ ಇಲ್ಲಿ ಸಂಭವಿಸಲೇ ಇಲ್ಲ. ಹತ್ತು ವರ್ಷದ ಹಿಂದಿನ ಕಾರಿಗೂ ಇಂದಿನದರ ಬಿಡಿಭಾಗ ಹೊಂದುತ್ತಿತ್ತು, ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಅದನ್ನು ಬಿಚ್ಚಿ ಜೋಡಿಸಬಲ್ಲವನಾಗಿದ್ದ.

ಇಂಥ ಮಾರುಕಟ್ಟೆಯಲ್ಲಿ ಅಂಗಡಿಗಿಂತ ದಲ್ಲಾಳಿಗೆ ಹೆಚ್ಚಿನ ಸ್ಥಾನ. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಲ್ಲಿ ದಲ್ಲಾಳಿಯು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿಯನ್ನು ಬಲ್ಲ ಕನ್ನಡ ನಾಡಿಗೆ, ಮಾರುವವನಿಗೂ ಕೊಳ್ಳುವವನಿಗೂ ಪರಸ್ಪರರ ಕೊನೆಯ ಬೆಲೆ ತಿಳಿಯದಂತೆ ನಡುವೆ ನಿಲ್ಲುವ ಈ ವೃತ್ತಿ ಹೊಸದೇನಲ್ಲ. ಎತ್ತಿನ ಹಲ್ಲು ಎಣಿಸುವ ಜಾಗದಲ್ಲಿ ಇಲ್ಲಿ ಸೈಲೆನ್ಸರಿನ ಹೊಗೆಯ ಬಣ್ಣ ನೋಡುತ್ತಿದ್ದರು.

ಸರದಿಯ ಈ ಕಾಲದಲ್ಲಿ ಖಾಸಗಿ ಕಾರಿಗೆ ಸಾಲ ವಿರಳವಾಗಿತ್ತು. ಟಿ. ಎಸ್. ಸಂತಾನಂ ಅವರು 1954ರಲ್ಲಿ ಮದ್ರಾಸಿನಲ್ಲಿ ಸ್ಥಾಪಿಸಿದ ಸುಂದರಂ ಫೈನಾನ್ಸ್ ಮೊದಲಾದ ದಕ್ಷಿಣದ ಸಂಸ್ಥೆಗಳ ಮುಖ್ಯ ವ್ಯವಹಾರ ಲಾರಿ, ಬಸ್ಸುಗಳದು, ಏಕೆಂದರೆ ಅವು ದುಡಿದು ತಮ್ಮ ಕಂತನ್ನು ತಾವೇ ತೀರಿಸುವಂಥವು. 1969ರಲ್ಲಿ ರಾಷ್ಟ್ರೀಕೃತವಾದ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರಲ್ಲಿ ರಾಷ್ಟ್ರೀಕೃತವಾದ ಆರರಲ್ಲಿ ವಿಜಯಾ ಮತ್ತು ಕಾರ್ಪೊರೇಷನ್, ಹೀಗೆ ನಾಲ್ಕು ಬ್ಯಾಂಕುಗಳು ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದವು. ಮನೆಮನೆಯಿಂದ ದಿನವೂ ಚಿಲ್ಲರೆ ಹಣ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿಯೇ ಆರಂಭಿಸಿದ್ದ ಕರಾವಳಿಯ ಈ ಬ್ಯಾಂಕಿಂಗ್ ಪರಂಪರೆ ಕೂಡ ರಾಷ್ಟ್ರೀಕರಣದ ನಂತರ ಆದ್ಯತಾ ವಲಯದ ನಿಯಮಕ್ಕೆ ಒಳಪಟ್ಟಿತು. ಸಣ್ಣ ಸಾರಿಗೆ ಉದ್ಯಮಿಯ ಲಾರಿ ಆದ್ಯತೆಯ ಪಟ್ಟಿಯಲ್ಲಿತ್ತು, ಮನೆ ಬಳಕೆಯ ಕಾರು ಭೋಗವಸ್ತುವೆನಿಸಿ ಹೊರಗುಳಿಯಿತು. ಸರ್ಕಾರಿ ನೌಕರರಿಗೆ ಸಂಬಳದಲ್ಲಿ ಮುರಿದುಕೊಳ್ಳುವ ಕಾರು ಮುಂಗಡ ದೊರೆಯುತ್ತಿತ್ತು, ವಾಹನವನ್ನು ಸರ್ಕಾರಕ್ಕೇ ಅಡಮಾನ ಮಾಡಿಕೊಡಬೇಕಾಗಿತ್ತು. ಉಳಿದವರಿಗೆ ಇದ್ದದ್ದು ಕೈಗಂಟು, ಚೀಟಿ, ಮತ್ತು ಹಳೆಯ ಕಾರು ತಂದುಕೊಡುವ ಹಣ. ಈ ಮೂರನೆಯದು ಎಷ್ಟು ದೊಡ್ಡದಾಗಿತ್ತೆಂದರೆ, ಕಾರುಳ್ಳವರಿಗೆ ಕಾರು ಬದಲಿಸಲು ಸಾಲವೇ ಬೇಕಾಗುತ್ತಿರಲಿಲ್ಲ. ಕಾರಿಲ್ಲದವರಿಗೆ ಮೊದಲ ಕಾರು ಅಷ್ಟೇ ದುರ್ಲಭವಾಗಿತ್ತು. ಸಮಾನ ಹಂಚಿಕೆಯ ಉದ್ದೇಶದ ನಿಯಂತ್ರಣವು ಇದ್ದವರ ಆಸ್ತಿಯನ್ನೇ ಬೆಳೆಸಿತೆಂಬುದು ಆ ನೀತಿಯ ಗಂಭೀರ ವೈಫಲ್ಯ.

ಮಾರುತಿ ಉದ್ಯೋಗ್ 1983ರಲ್ಲಿ ಮುಂಗಡ ನೋಂದಣಿ ತೆರೆದಾಗ 10,000 ರೂಪಾಯಿ ಠೇವಣಿಯಿಟ್ಟು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದರು. ಅಂದರೆ ಒಂದೂ ಕಾರು ಹೊರಬರುವ ಮೊದಲೇ ನೂರು ಕೋಟಿಗೂ ಮೀರಿದ ಹಣ ಗ್ರಾಹಕರಿಂದ ತಯಾರಕರ ಕೈಸೇರಿತು. ಅಮೆರಿಕದಲ್ಲಿ ತಯಾರಕನು ಗ್ರಾಹಕನಿಗೆ ಸಾಲ ಕೊಟ್ಟರೆ ಇಲ್ಲಿ ಗ್ರಾಹಕನೇ ತಯಾರಕನಿಗೆ ಸಾಲ ಕೊಟ್ಟಂತಾಯಿತು. ಆ ವರ್ಷದ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಕೈ ಹಸ್ತಾಂತರವಾಯಿತು. ಬೆಲೆ 50,000 ರೂಪಾಯಿಗಳ ಆಸುಪಾಸು. ಸರದಿಯಲ್ಲಿ ಮುಂದಿದ್ದ ಸಂಖ್ಯೆಗಳೇ ಪ್ರೀಮಿಯಂ ಬೆಲೆಗೆ ಕೈಬದಲಾದವು.

ಇತ್ತ ಸಾಲದ ಕಾನೂನು ತನ್ನದೇ ದಾರಿಯಲ್ಲಿ ಮಾಗುತ್ತಿತ್ತು. ಕೇರಳ ಸರ್ಕಾರವು ವಾಹನ ಸಾಲದ ಕರಾರುಗಳ ಮೇಲೆ ಮಾರಾಟ ತೆರಿಗೆ ಕೇಳಿದಾಗ, ಸುಂದರಂ ಫೈನಾನ್ಸ್ ಪ್ರಕರಣದಲ್ಲಿ 1965ರಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು, ಹೆಸರು ಬಾಡಿಗೆ-ಖರೀದಿಯದಾಗಿದ್ದರೂ ಅದು ಸಾರದಲ್ಲಿ ಸಾಲವೇ ಎಂದಿತು. ಬಾಡಿಗೆದಾರರ ರಕ್ಷಣೆಗೆಂದು ಸಂಸತ್ತು 1972ರಲ್ಲಿ ಅಂಗೀಕರಿಸಿದ ಬಾಡಿಗೆ-ಖರೀದಿ ಕಾಯಿದೆ ಒಂದು ದಿನವೂ ಜಾರಿಗೆ ಬರದೆ 2005ರಲ್ಲಿ ರದ್ದಾಯಿತು. 1982ರ 46ನೆಯ ಸಂವಿಧಾನ ತಿದ್ದುಪಡಿಯು ಬಾಡಿಗೆ-ಖರೀದಿಯನ್ನು ಮಾರಾಟ ತೆರಿಗೆಯ ವ್ಯಾಪ್ತಿಗೆ ತಂದ ಮೇಲೆ ಹೈಪಾಥಿಕೇಷನ್ ಎಂಬ ವ್ಯವಸ್ಥೆ ಹೆಚ್ಚು ಅನುಕೂಲವೆನಿಸಿತು. ಇದರಲ್ಲಿ ವಾಹನದ ಒಡೆತನವೂ ಸ್ವಾಧೀನವೂ ಸಾಲಗಾರನದೇ, ಸಾಲ ಕೊಟ್ಟವನಿಗೆ ಅದರ ಮೇಲೆ ಋಣಭಾರದ ಹಕ್ಕು ಮಾತ್ರ. ನೋಂದಣಿ ಪುಸ್ತಕದಲ್ಲಿ ಅದರ ನಮೂದು ಇರುವವರೆಗೆ, ಸಾಲ ಕೊಟ್ಟವರ ಒಪ್ಪಿಗೆಯಿಲ್ಲದೆ ಹೆಸರು ವರ್ಗವಾಗದು. ಸಾಲ ತೀರಿದ ಮೇಲೆ ಅವರ ಸಹಿಯಿರುವ 35ನೆಯ ನಮೂನೆಯನ್ನು ಸಾರಿಗೆ ಕಚೇರಿಗೆ ಸಲ್ಲಿಸಿ ನಮೂದನ್ನು ತೆಗೆಸಬೇಕು.

ಮಾರುವವರಿಗೆ ಇದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಬಡ್ಡಿಯ ಗಣಿತ. ಹಳೆಯ ಫೈನಾನ್ಸ್ ವ್ಯವಹಾರದಲ್ಲಿ ರೂಢಿಯಲ್ಲಿದ್ದ ಫ್ಲ್ಯಾಟ್ ದರ ಎಂದರೆ ಮೂಲ ಸಾಲದ ಪೂರ್ತಿ ಮೊತ್ತಕ್ಕೆ, ಪೂರ್ತಿ ಅವಧಿಗೆ ಬಡ್ಡಿ ಕಟ್ಟುವುದು. ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಇಳಿಯದು. 3 ಲಕ್ಷ ರೂಪಾಯಿಗೆ ಶೇ. 8ರ ಫ್ಲ್ಯಾಟ್ ದರದಲ್ಲಿ 3 ವರ್ಷಕ್ಕೆ 72,000 ರೂಪಾಯಿ ಬಡ್ಡಿಯಾಗಿ, ತಿಂಗಳ ಕಂತು 10,333 ರೂಪಾಯಿಗೆ ನಿಲ್ಲುತ್ತದೆ. ಇದನ್ನೇ ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ಶೇ. 14.5ರ ಸಮೀಪಕ್ಕೆ ಬರುತ್ತದೆ. ಅವಧಿಗೆ ಮುನ್ನ ಸಾಲ ತೀರಿಸುವವರಿಗೆ ಕಂತಿನ ವ್ಯವಹಾರದಲ್ಲಿ 78ರ ನಿಯಮ ಎಂಬ ಇನ್ನೊಂದು ಲೆಕ್ಕ ಕಾದಿರುತ್ತಿತ್ತು: 1ರಿಂದ 12ರವರೆಗಿನ ಅಂಕಿಗಳ ಮೊತ್ತ 78 ಆದ್ದರಿಂದ, ವರ್ಷದ ಸಾಲದಲ್ಲಿ ಮೊದಲ ತಿಂಗಳಿಗೆ ಒಟ್ಟು ಬಡ್ಡಿಯ 78ರಲ್ಲಿ 12 ಭಾಗ, ಎರಡನೆಯದಕ್ಕೆ 11 ಭಾಗ, ಹೀಗೆ ಹಂಚಿ, ಆರು ತಿಂಗಳಾಗುವಷ್ಟರಲ್ಲಿ 57 ಭಾಗ, ಎಂದರೆ ಶೇ. 73ರಷ್ಟು ಬಡ್ಡಿ ಸಂದುಹೋಗುತ್ತದೆ. ಕಾರನ್ನು ಮಾರಿ ಸಾಲ ಮುಗಿಸೋಣವೆಂದವರು ಅಸಲು ತಾವೆಣಿಸಿದಷ್ಟು ಕರಗಿಲ್ಲವೆಂದು ಕಾಣುತ್ತಿದ್ದುದು ಇದರಿಂದಲೇ. ಸಾಲಗಾರನಿಗೆ ಅರ್ಥವಾಗದ ದರವನ್ನು ಹೇಳಿ ಸಹಿ ಪಡೆಯುವುದು ಕಾನೂನಿಗೆ ಸಮ್ಮತವಾಗಿದ್ದಿರಬಹುದು, ನ್ಯಾಯಕ್ಕೆ ಆಗಿರಲಿಲ್ಲ.

1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಅಗತ್ಯ ಹೋಯಿತು. 1994ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು 2 ಲಕ್ಷ ರೂಪಾಯಿ ಮೀರಿದ ಸಾಲಗಳ ಬಡ್ಡಿಯನ್ನು ಬ್ಯಾಂಕುಗಳ ವಿವೇಚನೆಗೆ ಬಿಟ್ಟಿತು. ಮೊದಲನೆಯದು ಸರದಿಯನ್ನು ಕರಗಿಸಿತು, ಎರಡನೆಯದು ಸಾಲದ ಬಾಗಿಲು ತೆರೆಯಿತು. ಹೊಸ ಕಾರು ಮೊದಲ ಕಂತಿನ ಹಣಕ್ಕೆ ಮನೆ ಮುಂದೆ ಬಂದು ನಿಲ್ಲುವಂತಾದಾಗ, ಹಳೆಯದಕ್ಕಿದ್ದ ಕಾಯುವಿಕೆಯ ಬೆಲೆ ಆವಿಯಾಯಿತು, ಮತ್ತು ಭಾರತದ ಕುಟುಂಬಗಳು ಸವಕಳಿ ಎಂಬುದನ್ನು, ಎಂದರೆ ವಸ್ತುವಿನ ಬೆಲೆ ವರ್ಷವರ್ಷ ಇಳಿಯುವುದನ್ನು, ತಮ್ಮ ಕಾರಿನಲ್ಲಿ ಮೊದಲ ಬಾರಿಗೆ ಕಂಡವು. ವಸೂಲಿಯ ಕ್ರೌರ್ಯವೂ ಇದೇ ಕಾಲದ್ದು. ಸಾಲದ ವಾಹನಗಳನ್ನು ಬಾಹುಬಲದಿಂದ ಕಿತ್ತುಕೊಳ್ಳುವುದನ್ನು ಸುಪ್ರೀಂ ಕೋರ್ಟು 2007ರಲ್ಲಿ ಕಟುವಾಗಿ ಖಂಡಿಸಬೇಕಾಯಿತು.

2001ರಲ್ಲಿ ಮಾರುತಿ ಕಂಪನಿ ಟ್ರೂ ವ್ಯಾಲ್ಯೂ ಹೆಸರಿನಲ್ಲಿ ಬಳಸಿದ ಕಾರುಗಳ ವ್ಯಾಪಾರಕ್ಕಿಳಿದ ಮೇಲೆ, ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ಎಕ್ಸ್‌ಚೇಂಜ್ ಪದ್ಧತಿ ಸಂಘಟಿತ ರೂಪ ಪಡೆಯಿತು. ಇದರಲ್ಲಿ ಹಳೆಯ ಕಾರಿನ ಬೆಲೆ, ಹೊಸದರ ರಿಯಾಯಿತಿ, ಸಾಲದ ಬಡ್ಡಿ ಮೂರೂ ಒಂದೇ ಚೀಟಿಯ ಮೇಲೆ ಬರುವುದರಿಂದ, ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಮರಳಿ ಪಡೆಯಲು ಅವಕಾಶವುಂಟು. ಹೊರಗೆ ಮಾರಿದರೆ ಹೆಚ್ಚು ಸಿಗಬಹುದಾದರೂ ಅನೇಕರು ಕಡಿಮೆ ಬೆಲೆಗೆ ಇಲ್ಲಿಯೇ ಒಪ್ಪಿಸಲು ಇನ್ನೊಂದು ಕಾರಣವಿತ್ತು. ಅದು ಹೆಸರು ವರ್ಗಾವಣೆಯ ಭಯ.

1989ರ ಜುಲೈ 1ರಂದು ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯಿದೆಯ 50ನೆಯ ಸೆಕ್ಷನ್, ಒಂದೇ ರಾಜ್ಯದೊಳಗೆ ವಾಹನ ಮಾರಿದವನು 14 ದಿನಗಳಲ್ಲಿ ಅದನ್ನು ವರದಿ ಮಾಡಬೇಕೆನ್ನುತ್ತದೆ. ಆಚರಣೆಯಲ್ಲಿ ಬೆಳೆದುಬಂದದ್ದು ಬೇರೆಯೇ: ಮಾರುವವನು 29 ಮತ್ತು 30ನೆಯ ನಮೂನೆಗಳಿಗೆ ಕೊಳ್ಳುವವನ ಹೆಸರಿಲ್ಲದೆ ಸಹಿ ಹಾಕಿ ದಲ್ಲಾಳಿಗೆ ಕೊಡುವುದು, ಕಾರು ಎರಡು ಮೂರು ಕೈ ದಾಟಿದ ಮೇಲೆ ಕೊನೆಯವನು ತನ್ನ ಹೆಸರು ತುಂಬುವುದು. ನವೀನ್ ಕುಮಾರ್ ಪ್ರಕರಣದಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಕಾರು ಹಲವು ಕೈ ಬದಲಾಗಿದ್ದರೂ ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿತ್ತೋ ಅವರೇ ಒಡೆಯರು, ಪರಿಹಾರದ ಹೊಣೆಯೂ ಅವರದೇ ಎಂದು ತೀರ್ಮಾನಿಸಿತು. ಅಪಘಾತದಲ್ಲಿ ನೊಂದವರು ಒಡೆಯನನ್ನು ಹುಡುಕುತ್ತ ಒಬ್ಬರಿಂದ ಒಬ್ಬರಿಗೆ ಅಲೆಯುವಂತಾಗಬಾರದೆಂಬುದು ಅದರ ಹಿಂದಿನ ಕಾಳಜಿ. 2022ರ ಡಿಸೆಂಬರಿನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮಗಳು, ಅಧಿಕೃತ ವ್ಯಾಪಾರಿಗೆ ವಾಹನ ಒಪ್ಪಿಸಿದ್ದನ್ನು ಮಾರುವವನು ಆನ್‌ಲೈನಿನಲ್ಲಿ ತಿಳಿಸಿದೊಡನೆ ಆ ವ್ಯಾಪಾರಿಯನ್ನೇ ಒಡೆಯನೆಂದು ಪರಿಗಣಿಸುತ್ತವೆ. ಅಂಥ ಅಧಿಕಾರಪತ್ರವಿಲ್ಲದ ದಲ್ಲಾಳಿಗೆ ಖಾಲಿ ನಮೂನೆಯ ಮೇಲೆ ಸಹಿ ಹಾಕಿ ಕಾರು ಒಪ್ಪಿಸಿದವರ ಮೇಲೆ ಮಾತ್ರ ಹಳೆಯ ಹೊಣೆ ಹಾಗೆಯೇ ಉಳಿದಿದೆ.